ಎಂಟಡಿ ಬೆನ್ನು

ಕನ್ನಡಕದ ಅಂಗಡಿಯವರು ಬೆಳಿಗ್ಗೆ ಶಟರ್ ಎತ್ತಿ, ಗಾಜು ಒರೆಸುವ ಬಟ್ಟೆ ಕೈಗೆತ್ತಿಕೊಂಡು ಎದುರಿಗೆ ನೋಡಿದರೆ, ರಸ್ತೆಯಾಚೆಯ ಸಭಾಭವನದ ಗೋಡೆಗೆ ಏಣಿ ಹಾಕಿ ಇಬ್ಬರು ಅವರ ಹೆಂಡತಿಯನ್ನು ಹಗ್ಗದಲ್ಲಿ ಮೇಲಕ್ಕೆ ಎಳೆಯುತ್ತಿದ್ದರು.

ಬ್ಯಾನರಿನಲ್ಲಿ ಅಚ್ಚಾದ ಹೆಂಡತಿ. ಎಂಟಡಿ ಎತ್ತರ, ಕಪ್ಪು ಬಿಳುಪು, ಬೆನ್ನು ಈ ಕಡೆಗೆ. ಒಣಹಾಕಿದ ಬಿಳಿ ಹಾಸುಬಟ್ಟೆಗಳ ನಡುವೆ ಒಂದು ಕೈ ಮೇಲೆತ್ತಿ ನಿಂತಿದ್ದಾಳೆ. ಕೂದಲನ್ನು ಹೇಗೋ ಸುತ್ತಿ ಮೇಲಕ್ಕೆ ಸಿಕ್ಕಿಸಿದ್ದರಿಂದ ಕತ್ತಿನ ಹಿಂಭಾಗದ ಮೇಲೆ ಬೆಳಕು ಬಿದ್ದಿದೆ. ಕೆಳಗೆ ದಪ್ಪ ಅಕ್ಷರದಲ್ಲಿ, ‘ಮನೆಮಂದಿ: ಛಾಯಾಚಿತ್ರ ಪ್ರದರ್ಶನ. ಇಂದು ಸಂಜೆ ಉದ್ಘಾಟನೆ.’

ಅಂಗಡಿಯವರ ಕೈಯಿಂದ ಬಟ್ಟೆ ಜಾರಿತು.

ಕ್ಯಾಮೆರಾ ಕೊಂಡ ಹೊಸದರಲ್ಲಿ ಅವರು ಸೂರ್ಯಾಸ್ತ, ಸೇತುವೆ, ಹೂವಿನ ಮೇಲಿನ ದುಂಬಿ ಎಂದು ಊರೆಲ್ಲ ಅಲೆದಿದ್ದರು. ಛಾಯಾಗ್ರಾಹಕರ ಸಂಘದವರು ಅವನ್ನೆಲ್ಲ ನೋಡಿ, ನೆಂಟರ ಮಗುವಿನ ಹಾಡು ಕೇಳಿದವರಂತೆ “ಚೆನ್ನಾಗಿದೆ, ಚೆನ್ನಾಗಿದೆ” ಅನ್ನುತ್ತಿದ್ದರು. ಒಂದು ಭಾನುವಾರ ಮನೆಯಲ್ಲೇ ಲೆನ್ಸು ಒರೆಸಿ ಪರೀಕ್ಷಿಸುತ್ತಿದ್ದಾಗ ಹೆಂಡತಿ ಏನನ್ನೋ ಹುಡುಕುತ್ತ, ಹುಬ್ಬು ಗಂಟಿಕ್ಕಿಕೊಂಡು ಆ ಚೌಕಟ್ಟಿನೊಳಗೆ ಹಾದುಹೋದಳು. ಅವರು ಬೆರಳು ಒತ್ತುವುದನ್ನೂ ಮರೆತು ನಿಂತರು. ಊರಿನವರ ಕಣ್ಣಿನ ದೋಷ ಅಳೆದು ಅಳೆದು ಕೂದಲು ನರೆತ ಮನುಷ್ಯ, ಇಪ್ಪತ್ತು ವರ್ಷ ಒಂದೇ ಮನೆಯಲ್ಲಿದ್ದು ಇವಳನ್ನು ನೋಡಿಯೇ ಇರಲಿಲ್ಲ. ಅಂದಿನಿಂದ ಸೂರ್ಯ ತನ್ನ ಪಾಡಿಗೆ ಮುಳುಗಿದ. ಶೂ ಲೇಸಿನ ಜೊತೆ ಜಗಳವಾಡುವ ಮಗಳು, ರೇಡಿಯೊವನ್ನು ಕಿವಿಗೊತ್ತಿಕೊಂಡ ತಾಯಿ, ಎಲ್ಲಕ್ಕಿಂತ ಹೆಚ್ಚಾಗಿ ಹೆಂಡತಿ, ಇವರೇ ಚಿತ್ರಗಳಾದರು. ಅರ್ಧ ವಯಸ್ಸು ಕಳೆದ ಮೇಲೆ ಪ್ರೀತಿ ಹುಟ್ಟಿತ್ತು, ಅದೂ ಕಟ್ಟಿಕೊಂಡವಳ ಮೇಲೆ. ಯಾರ ಹತ್ತಿರ ಹೇಳಿಕೊಳ್ಳುವುದು?

ಹೆಂಡತಿಯ ಹತ್ತಿರವಂತೂ ಸಾಧ್ಯವಿರಲಿಲ್ಲ. ಆಕೆ ಕಾರು ಓಡಿಸಲು ಕಲಿಸುವ ಮೇಡಂ. ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲ ಕೆಳಗೊಂದು ಬ್ರೇಕು ಇಟ್ಟುಕೊಂಡು ಊರಿನ ಅರ್ಧ ಜನರನ್ನು ನಡುಗಿಸಿದವಳು. ಹಿಂದೊಮ್ಮೆ ಅವಳು ಆಕಳಿಸುತ್ತಿದ್ದ ಚಿತ್ರ ನೆಂಟರ ಮೊಬೈಲುಗಳಿಗೆಲ್ಲ ಹೋಗಿಬಿಟ್ಟಾಗ ಒಂದೇ ಮಾತು ಹೇಳಿದ್ದಳು: “ಇನ್ನೊಂದ್ಸಲ ಮನೆಬಟ್ಟೆಯಲ್ಲಿ ನನ್ನ ಫೋಟೊ ತೆಗೆದ್ರೆ, ಆ ಕ್ಯಾಮೆರಾ ಕಾರಿನ ಚಕ್ರದ ಕೆಳಗಿರತ್ತೆ.” ಆಮೇಲಿನ ಚಿತ್ರಗಳೆಲ್ಲ ಬಾಗಿಲ ಸಂದಿಯಿಂದ ತೆಗೆದವು. ಅದರಲ್ಲೊಂದನ್ನು, ಹೇಗೂ ಆರಿಸುವುದಿಲ್ಲ ಎಂಬ ಧೈರ್ಯದಲ್ಲಿ, ಅವರು ಸಂಘಕ್ಕೆ ಕೊಟ್ಟಿದ್ದರು.

“ಅಣ್ಣಾ, ಅದು ಅತ್ತಿಗೆ ತಾನೆ?”

ಪಕ್ಕದ ಕ್ಷೌರದಂಗಡಿಯವನು ಬಾಚಣಿಗೆ ಹಿಡಿದೇ ಹೊರಗೆ ಬಂದು ನಿಂತಿದ್ದ.

“ಯಾವ ಅತ್ತಿಗೆ?”

“ದಿನಾ ಹಿಂದಿನಿಂದ್ಲೇ ಜನರನ್ನ ನೋಡೋನು ನಾನು. ಮುಖ ಮರೆತರೂ ಕತ್ತು ಮರೆಯಲ್ಲ.”

ಅಂಗಡಿಯವರು ಅವನ ಕೈ ಹಿಡಿದು ಒಳಗೆಳೆದುಕೊಂಡರು. “ನಿನ್ನ ದಮ್ಮಯ್ಯ, ಅವಳೇ. ಆದರೆ ಅವಳಿಗೆ ಗೊತ್ತಾದ್ರೆ ನನ್ನ ಕತೆ ಮುಗೀತು. ಯಾರೇ ಕೇಳಲಿ, ಅವಳಲ್ಲ ಅಂದುಬಿಡು.”

“ಅಷ್ಟೇ ತಾನೆ? ಕತ್ತರಿ ಮುಟ್ಟಿ ಹೇಳ್ತೀನಿ, ಅತ್ತಿಗೆ ಅಲ್ಲ.”

ಅವನನ್ನು ಕಳಿಸುವಷ್ಟರಲ್ಲಿ ಅಂಗಡಿಯವರ ಮನೆಯ ಮೇಲಂತಸ್ತಿನಲ್ಲಿದ್ದ ನಿವೃತ್ತ ಟೀಚರಮ್ಮ ಕನ್ನಡಕದ ಕಡ್ಡಿ ಸಡಿಲವಾಯಿತೆಂದು ಬಂದರು. ಸಡಿಲ ಕನ್ನಡಕದಲ್ಲೂ ಅವರಿಗೆ ಬೇಕಾದ್ದು ಕಾಣುತ್ತಿತ್ತು. “ಏನಪ್ಪಾ, ನಮ್ಮ ಮಹಡಿ ಮೇಲಿನ ಬಟ್ಟೆ ಹಗ್ಗ ಅಲ್ವೇನೋ ಅದು? ಹಾಗಾದ್ರೆ ಅದು...”

“ಅಲ್ಲ ಟೀಚರಮ್ಮ.”

“ನಲವತ್ತು ವರ್ಷ ಮಕ್ಕಳ ಸುಳ್ಳು ಕೇಳಿದೀನಿ.”

ಅವರ ಮುಂದೆಯೂ ಕೈ ಮುಗಿಯಬೇಕಾಯಿತು. ಟೀಚರಮ್ಮ ತುಂಬ ಹೊತ್ತು ಯೋಚಿಸಿ, ಸಂಸಾರ ಉಳಿಯುವುದಾದರೆ ಒಂದು ಸುಳ್ಳಿಗೆ ಅಡ್ಡಿಯಿಲ್ಲ ಎಂದು ಒಪ್ಪಿದರು. ಕಡ್ಡಿ ರಿಪೇರಿಗೆ ದುಡ್ಡು ಕೊಡಲಿಲ್ಲ.

ಇನ್ನು ಉಳಿದದ್ದು ಬ್ಯಾನರು. ಅಂಗಡಿಯವರು ರಸ್ತೆ ದಾಟಿ ಸಂಘದ ಕಾರ್ಯದರ್ಶಿಯನ್ನು ಹಿಡಿದರು.

“ಇಳಿಸೋದಾ? ಏನು ಮಾತಾಡ್ತಿದ್ದೀರಿ ನೀವು?” ಎಂದರು ಕಾರ್ಯದರ್ಶಿ. “ಮುನ್ನೂರು ಚಿತ್ರದಲ್ಲಿ ಎಲ್ಲರೂ ಒಂದೇ ಬಾಯಲ್ಲಿ ಆರಿಸಿದ್ದು ಇದು. ನೋಡ್ತಿದ್ರೆ ಎದೆ ಹಿಂಡತ್ತೆ. ತೆಗೆದವನಿಗೆ ಆ ಹೆಂಗಸಿನ ಮೇಲೆ ಎಷ್ಟು ಪ್ರಾಣ ಇರಬೇಕು ಅಂತ ನನ್ನ ಹೆಂಡತಿ ಬೆಳಿಗ್ಗೆಯಿಂದ ನನ್ನನ್ನ ಬಯ್ತಿದ್ದಾಳೆ.”

ಹೆಂಡತಿಯ ಕಾರು ಮಧ್ಯಾಹ್ನ ಈ ರಸ್ತೆಯಲ್ಲೇ ಬರುತ್ತದೆ. ಸಭಾಭವನದ ಮುಂದಿನ ತಿರುವಿನಲ್ಲೇ ಅವಳು ಹೊಸಬರಿಗೆ ಹಿಂದಕ್ಕೆ ತಿರುಗಿಸುವುದನ್ನು ಕಲಿಸುವುದು. ಅಂಗಡಿಯವರು ಫೋನು ಮಾಡಿ, ರಸ್ತೆ ಅಗೆದಿದ್ದಾರೆ, ಈ ಕಡೆ ಬರಬೇಡ ಎಂದರು.

“ಅಗೆದಿದ್ರೆ ಒಳ್ಳೇದೇ ಆಯ್ತು, ಗುಂಡಿ ತಪ್ಪಿಸೋದನ್ನೂ ಕಲಿಸ್ತೀನಿ” ಎಂದು ಆಕೆ ಫೋನಿಟ್ಟಳು.

ಊಟದ ಹೊತ್ತಿಗೆ ಸಭಾಭವನದ ಮುಂದೆ ಯಾರೂ ಇರಲಿಲ್ಲ. ಅಂಗಡಿಯವರು ಕ್ಷೌರದಂಗಡಿಯ ಎತ್ತರದ ಸ್ಟೂಲು ತಂದು ಗೋಡೆಗಿಟ್ಟು ಹತ್ತಿದರು. ಬ್ಯಾನರನ್ನು ಕೆಳಗಿನಿಂದ ಚಾಪೆಯಂತೆ ಸುರುಳಿ ಸುತ್ತಿ ಕಟ್ಟಿಬಿಟ್ಟರೆ ಸಂಜೆಯವರೆಗಾದರೂ ಜೀವ ಉಳಿಯುತ್ತದೆ ಎಂಬುದು ಅವರ ಲೆಕ್ಕ. ಒಂದು ಸುತ್ತು ಸುತ್ತಿದರು. ಎರಡನೆಯದಕ್ಕೆ ಸ್ಟೂಲು ಅಲುಗಿತು. ಆಧಾರಕ್ಕೆಂದು ಸಿಕ್ಕಿದ್ದನ್ನು ಹಿಡಿದುಕೊಂಡರು. ಸಿಕ್ಕಿದ್ದು ಬ್ಯಾನರೇ. ಮೇಲಿನ ಹಗ್ಗ ಪಟಕ್ಕನೆ ಕಳಚಿ, ಎಂಟಡಿ ಹೆಂಡತಿ ಅವರ ಮೇಲೆ ಬಿದ್ದಳು.

ಒಳಗೆ ಕತ್ತಲೆ. ಹೊರಬರಲು ಒದ್ದಾಡಿದಷ್ಟೂ ಸುತ್ತಿಕೊಂಡಿತು. ಜನ ಓಡಿಬರುವ ಸದ್ದು, ಕ್ಷೌರದಂಗಡಿಯವನ “ಅಯ್ಯೋ ನನ್ನ ಸ್ಟೂಲು” ಎಂಬ ಗೋಳು, ಅದರ ಹಿಂದೆಯೇ ಕಿರ್ರೆಂದು ಬ್ರೇಕು. ಆ ಬ್ರೇಕಿನ ದನಿ ಅವರಿಗೆ ಗೊತ್ತಿತ್ತು.

“ರೀ, ಕಾಲಲ್ಲಿರೋದು ನಿಮ್ಮ ಚಪ್ಪಲಿ. ಹೊರಗೆ ಬನ್ನಿ.”

ಹೆಂಡತಿಯೇ ಬ್ಯಾನರಿನ ಒಂದು ತುದಿ ಹಿಡಿದು ಎಳೆದಳು. ಅವರು ಉರುಳಿ ಹೊರಬಿದ್ದರು. ಬ್ಯಾನರು ನೆಲದ ಮೇಲೆ ಅಂಗಾತ ಬಿಚ್ಚಿಕೊಂಡಿತು. ಆಕೆ ಸೊಂಟದ ಮೇಲೆ ಕೈಯಿಟ್ಟು ಅದನ್ನು ನೋಡತೊಡಗಿದಳು. ಕಾರಿನೊಳಗಿದ್ದ ಕಲಿಯುವವನು ಸ್ಟೀರಿಂಗನ್ನು ಬಿಡದೆ ಕೂತಿದ್ದ. ಅಂಗಡಿಯವರು ನೆಲದ ಮೇಲೆ ಕೂತೇ ಸಿಡಿಲಿಗಾಗಿ ಕಾದರು.

ಸಿಡಿಲು ಬರಲಿಲ್ಲ.

“ಯಾರು ತೆಗೆದಿದ್ದು?” ಎಂದಳು, ತೀರ ಮೆಲ್ಲಗೆ.

“ನಿಮ್ಮ ಯಜಮಾನರೇ, ಮೇಡಂ” ಎಂದರು ಊಟ ಬಿಟ್ಟು ಓಡಿಬಂದಿದ್ದ ಕಾರ್ಯದರ್ಶಿ.

“ಹೌದಾ.” ಆಕೆ ಗಂಡನ ಕಡೆ ತಿರುಗಿದಳು. ಕಣ್ಣಲ್ಲಿ ನೀರಿತ್ತು. ಇಪ್ಪತ್ತು ವರ್ಷದಲ್ಲಿ ಅವರು ಅದನ್ನು ಕಂಡಿದ್ದು ಅಪರೂಪ. “ಯಾರ್ರೀ ಇವಳು?”

ತನ್ನ ಬೆನ್ನು ತನಗೆ ಕಾಣದು ಎಂಬ ಗಾದೆ ಅವರಿಗೆ ಆಗ ಅರ್ಥವಾಯಿತು.

“ನೀನೇ ಕಣೇ.”

“ನನ್ನ ಹತ್ರ ಕಪ್ಪು ಬಟ್ಟೆ ಎಲ್ಲಿದೆ?”

“ನೀಲಿ ಅದು. ಕಪ್ಪು ಬಿಳುಪಲ್ಲಿ ಹಾಗೆ ಕಾಣತ್ತೆ.”

“ನನ್ನ ಕತ್ತು ಹೀಗಿದೆಯಾ? ಇಷ್ಟು ಚೆಂದ ಇದ್ದೀನಾ ನಾನು? ಸುಳ್ಳು ಹೇಳೋದಾದ್ರೂ ಸ್ವಲ್ಪ ನಂಬೋ ಹಾಗೆ ಹೇಳಿ.”

“ಇವನನ್ನೇ ಕೇಳು ಬೇಕಾದ್ರೆ” ಎಂದು ಅವರು ಕ್ಷೌರದಂಗಡಿಯವನ ಕಡೆ ತಿರುಗಿದರು. “ಹೇಳಪ್ಪಾ, ಬೆಳಿಗ್ಗೆ ನೀನೇ ಗುರುತು ಹಿಡಿದೆಯಲ್ಲ.”

ಕ್ಷೌರದಂಗಡಿಯವನು ಸ್ನೇಹಿತನನ್ನು ಕಾಪಾಡುವ ಗಳಿಗೆ ಬಂತೆಂದು ಎದೆಯುಬ್ಬಿಸಿದ. “ಛೆ ಛೆ, ಅತ್ತಿಗೆ ಅಲ್ಲವೇ ಅಲ್ಲ. ಅತ್ತಿಗೆ ಕತ್ತು ಇದರ ಹತ್ತಿರಾನೂ ಬರಲ್ಲ.” ಮಾತು ಮುಗಿಸಿ ಅಂಗಡಿಯವರಿಗೆ ಕಣ್ಣು ಹೊಡೆದ. ಅದನ್ನು ಆಕೆಯೂ ನೋಡಿದಳು.

“ಟೀಚರಮ್ಮ, ನೀವಾದ್ರೂ ನಿಜ ಹೇಳಿ” ಎಂದು ಅಂಗಡಿಯವರು ಗುಂಪಿನಲ್ಲಿ ನಿಂತಿದ್ದ ಅವರನ್ನು ಅಂಗಲಾಚಿದರು.

ಟೀಚರಮ್ಮ ಹೆಂಡತಿಯ ಭುಜದ ಮೇಲೆ ಕೈಯಿಟ್ಟರು. “ನೀನಲ್ಲಮ್ಮಾ. ಗಂಡಸರು ಅಂದ್ಮೇಲೆ ಇದೆಲ್ಲ ಇದ್ದದ್ದೇ. ಮನಸ್ಸಿಗೆ ಹಚ್ಚಿಕೊಳ್ಳಬೇಡ.”

ಸಂಜೆ ಉದ್ಘಾಟನೆಗೆ ಇಬ್ಬರೂ ಹೋಗಲಿಲ್ಲ. ಮನೆಯಲ್ಲಿ ತಾಯಿ ರೇಡಿಯೊದ ದನಿ ತಗ್ಗಿಸಿಕೊಂಡು, ಮಗಳು ಪುಸ್ತಕದ ಹಿಂದೆ ಅಡಗಿಕೊಂಡು ಕೂತರು. ಹೆಂಡತಿ ಕೋಣೆಯೊಳಗೆ ಎರಡು ಕನ್ನಡಿ ಹಿಡಿದು ತುಂಬ ಹೊತ್ತು ಕತ್ತು ತಿರುವಿದಳು. ಕೊನೆಗೆ ಹೊರಬಂದು, “ಮಹಡಿಗೆ ನಡೀರಿ. ಕ್ಯಾಮೆರಾ ತಗೊಳ್ಳಿ” ಎಂದಳು.

ಹಾಸುಬಟ್ಟೆಗಳನ್ನು ಹಗ್ಗಕ್ಕೆ ಹಾಕಿ, ಬೆನ್ನು ತಿರುಗಿಸಿ, ಕೈ ಮೇಲೆತ್ತಿ ನಿಂತಳು. ಅಂಗಡಿಯವರಿಗೆ ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಂತಾಯಿತು. ಆದರೆ ಹಿಂದಿನಿಂದ ಯಾರೋ ನೋಡುತ್ತಿದ್ದಾರೆ ಎಂದು ತಿಳಿದ ಕೂಡಲೇ ಅವಳ ಹೆಗಲು ಬಿಗಿದಿತ್ತು, ಕತ್ತು ಕಂಬವಾಗಿತ್ತು.

“ಸ್ವಲ್ಪ ಸಡಿಲ ಬಿಡು.”

“ಬಿಟ್ಟೇ ನಿಂತಿದೀನಿ.”

ತೆಗೆದರು. ಅವಳು ಕ್ಯಾಮೆರಾ ಕಸಿದುಕೊಂಡು ನೋಡಿದಳು. ಚಿತ್ರದಲ್ಲಿ ಇದ್ದದ್ದು ಪೊಲೀಸರಿಗೆ ಶರಣಾದ ಒಬ್ಬ ಹೆಂಗಸು.

“ನೋಡಿದ್ರಾ? ನಿಮ್ಮ ಕ್ಯಾಮೆರಾನೇ ಹೇಳ್ತಿದೆ, ಅವಳು ಬೇರೆ, ನಾನು ಬೇರೆ ಅಂತ.” ಅವಳು ಕ್ಯಾಮೆರಾವನ್ನು ಎದೆಗವಚಿಕೊಂಡಳು. “ಆ ಫೋಟೊದಲ್ಲಿ ಅವಳನ್ನ ನೋಡಿದ ಹಾಗೆ ನನ್ನನ್ನ ಒಂದು ದಿನ ನೋಡಿದ್ದೀರಾ ನೀವು? ಅವಳನ್ನ ಕರ್ಕೊಂಡು ಬಂದು ನನ್ನ ಮುಂದೆ ನಿಲ್ಲಿಸಿ. ಅಲ್ಲೀವರೆಗೂ ಇದು ನನ್ನ ಹತ್ರಾನೇ ಇರತ್ತೆ.”

ಕ್ಯಾಮೆರಾವನ್ನು ಹೆಗಲಿಗೆ ನೇತುಹಾಕಿಕೊಂಡು, ಮೂಗು ಸೇದುತ್ತ, ಹಾಸುಬಟ್ಟೆಗಳನ್ನು ಎಳೆದು ತೆಗೆಯತೊಡಗಿದಳು. ಸಿಟ್ಟಿನಲ್ಲಿ ಕೂದಲು ಬಿಚ್ಚಿಹೋಯಿತು. ಗಂಡನನ್ನೂ ಲೋಕವನ್ನೂ ಬೈಯುತ್ತಲೇ ಅದನ್ನು ಮೇಲಕ್ಕೆ ಸುತ್ತಿ ಸಿಕ್ಕಿಸಿ, ಕೊನೆಯ ಬಟ್ಟೆಗಾಗಿ ಕೈ ಚಾಚಿದಳು. ಇಳಿಬಿಸಿಲು ಕತ್ತಿನ ಮೇಲೆ ಬಿತ್ತು.

“ಅಗೋ, ಬಂದ್ಲು” ಎಂಬ ಮಾತು ಅಂಗಡಿಯವರ ಬಾಯಿಂದ ತಾನಾಗಿ ಹೊರಬಿತ್ತು.

ಹೆಂಡತಿ ಸರಕ್ಕನೆ ಮೆಟ್ಟಿಲ ಕಡೆ ತಿರುಗಿ, ತೋಳು ಮಡಿಸಿದಳು.

“ಎಲ್ಲಿ? ಮನೆಗೇ ಬರೋವಷ್ಟು ಧೈರ್ಯನಾ ಅವಳಿಗೆ?”