ಧಬಧಬಿ ಪಾಲಾದ ನನ್ನ ಕಿಟ್ಲಿ

ನಮ್ಮ ಓಣಿ ಗಂಡಸರಿಗೆ ಹೊಸಾ ಹುಚ್ಚು ಹಿಡದಾಗೊಮ್ಮೆ ನಮ್ಮ ತಲಿಮ್ಯಾಲ ಒಂದು ಹೊಸಾ ಕೆಲಸ ಬಂದು ಕುಂದರತೈತಿ. ಇದು ತಪ್ಪಿದ್ದಲ್ಲ. ಎಂಬತ್ತನೇ ಇಸವಿ ಆಚೀಚೆ ಹಿಡದ ಹುಚ್ಚಿನ ಹೆಸರು ಕ್ಯಾಂಪು.

ಆಗ ಬೆಳಗಾವಿ ಮಹಾಂತೇಶ ನಗರ ಅಂದ್ರ ಅರ್ಧಾ ಮನಿ, ಅರ್ಧಾ ಬಯಲು. ನಮ್ಮ ಮನಿ ಎದುರಿಗೆ ಬ್ಯಾಂಕಿನ ಸಾಹೇಬ್ರು. ಬಾಜೂಕ ಜೈನರ ಅಕ್ಕ, ಆಕಿ ಗಂಡಂದು ಕಿರಾಣಿ ಅಂಗಡಿ. ನಮ್ಮನಿಯವರು ಊರ ಹೊರಗ ಮಚ್ಛೆದಾಗಿನ ಕಾರ್ಖಾನಿಗೆ ಹೋಗವ್ರು. ಒಂದಿನಾ ಸಂಜೀಕ ಸಾಹೇಬ್ರು ಯಾವುದೋ ವಾರಪತ್ರಿಕಿ ಹಿಡಕೊಂಡು ನಮ್ಮ ಕಟ್ಟಿಗೆ ಬಂದು ಕುಂತ್ರು.

"ದೊಡ್ಡ ದೊಡ್ಡ ದೇಶದಾಗ ಮಂದಿ ಶನಿವಾರ ರವಿವಾರ ಹೆಂಡ್ತಿ ಮಕ್ಕಳನ್ನ ಕರಕೊಂಡು ಅಡವ್ಯಾಗ ಡೇರೆ ಹಾಕ್ಕೊಂಡು ಇರ್ತಾರ್ರಿ ವೈನಿ. ಗುಡ್ಡಾ ಹತ್ತತಾರು. ಮಕ್ಕಳಿಗೆ ಗಿಡಾ, ಹಕ್ಕಿ, ನೀರು ಎಲ್ಲಾ ತೋರಸತಾರು. ನಾವೂ ಯಾಕ ಮಾಡಬಾರದು?"

"ಅಲ್ಲಿ ಅಡಗಿ ಯಾರು ಮಾಡತಾರ್ರಿ?" ಅಂದ್ನಿ.

ಸಾಹೇಬ್ರು ಪತ್ರಿಕಿ ತಿರುವಿ ಮುರುವಿ ನೋಡಿದ್ರು. ಅದನ್ನ ಬರದಿದ್ದಿಲ್ಲಂತ.

ಖಾನಾಪುರದ ಆಚೆ ಒಂದು ಹಳ್ಳಿ, ಬಾಜೂಕ ಹಳ್ಳ, ಹಿಂದ ಗುಡ್ಡ, ಗುಡ್ಡದ ನೆತ್ತಿಗೆ ಧಬಧಬಿ. ಆಕಾಶದಿಂದ ಬಿದ್ದಂಗ ನೀರು ಬೀಳತೈತಿ ಅಂದ್ರು. ನಾ ಹುಟ್ಟಿ ಬೆಳದದ್ದು ಬಯಲುಸೀಮ್ಯಾಗ. ನೀರು ಅಂದ್ರ ಬಾವ್ಯಾಗಿಂದ ಹಗ್ಗಾ ಹಚ್ಚಿ ಮ್ಯಾಲ ಎಳೆಯೂದಷ್ಟ ಗೊತ್ತು. ಯಾರೂ ಎಳೀಲಾರದ, ತಾನ ಮ್ಯಾಲಿಂದ ಕೆಳಗ ಬೀಳೂ ನೀರು ಒಮ್ಮೆರ ನೋಡಬೇಕು ಅನಸ್ತು. ಅದೊಂದು ಆಸೇಕ ಹೂಂ ಅಂದ್ನಿ. ಅನ್ನಬಾರದಿತ್ತು.

ಮದುಮಗ ಎಲ್ಲಿ?

ಡೇರೆ ಯಾವ ಅಂಗಡ್ಯಾಗೂ ಸಿಗಲಿಲ್ಲ. ಸಾಹೇಬ್ರು ಮದವಿಗೆ ಮಂಟಪ ಹಾಕವನ ಕಡಿಂದ ಕೆಂಪು ಹಳದಿ ಪಟ್ಟಿ ಅರಿವಿ, ಬಿದರಿನ ಗಳಾ ತಂದ್ರು. ಸುತ್ತಲೂ ಜೋತಬಿದ್ದ ಝಾಲರ ಬ್ಯಾರೆ. ಹಳ್ಳದ ದಂಡಿಗೆ ಮೂರೂ ಗಂಡಸರು ಬೆವರು ಸುರಿಸಿ ಅದನ್ನ ನಿಲ್ಲಿಸಿದ್ರು. ನಾವು ಮೂರು ಕಲ್ಲು ಹೂಡಿ ಒಲಿ ಹಚ್ಚಿದ್ವಿ.

ನಾಕು ರೊಟ್ಟಿ ಬೇಯೂದ್ರಾಗ ಹಳ್ಳಿ ಮಂದಿ ಬರಾಕ ಹತ್ತಿದ್ರು. ಹೆಂಗ್ ಬಂದ್ರು ಅಂತೀರಿ? ಗಂಡಸರು ಮಡಿ ಧೋತರ ಉಟ್ಕೊಂಡು, ಹೆಣ್ಮಕ್ಕಳು ತಲಿ ತುಂಬ ಹೂವಾ ಮುಡಕೊಂಡು. ಬಂದವರು ಸುಮ್ಮ ನಿಂದರಲಿಲ್ಲ, ಮಂಟಪದ ಕೆಳಗ ಸಾಲು ಹಿಡದು ಊಟಕ್ಕ ಕುಂತ್ರು. ಒಬ್ಬ ಮುದುಕ ಸಾಹೇಬರನ್ನ ಕರದು, "ನವರಾ ಕುಠಂ ಹಾಯ್?" ಅಂದ. ಮದುಮಗ ಎಲ್ಲಿ ಅಂತ!

ಸಾಹೇಬರಿಗೆ ಮರಾಠಿ ನೀರು ಕುಡದಂಗ ಬರ್ತಿತ್ತು. ಆದ್ರ ಅವತ್ತು ಕನ್ನಡಾನೂ ಬರಲಿಲ್ಲ. ಬಾಯಿ ತಕ್ಕೊಂಡು ನಿಂತಬಿಟ್ರು. ಅಷ್ಟರಾಗ ಒಬ್ಬಾಕಿ ಮುದುಕಿ ಬಂದು ಸಾಹೇಬರ ಹೆಂಡ್ತಿಗೆ ಕುಂಕುಮಾ ಹಚ್ಚಿ, ಉಡ್ಯಾಗ ತೆಂಗಿನಕಾಯಿ, ಕುಬಸದ ಕಣ ಹಾಕಿಬಿಟ್ಲು. ಉಡಿ ತುಂಬಿದವರನ್ನ ಉಪಾಸ ಕಳಸಾಕ ಬರತೈತೇನ? ಎರಡ ದಿನಕ್ಕ ಅಂತ ತಂದ ಹಿಟ್ಟು, ಬ್ಯಾಳಿ, ಅಕ್ಕಿ ಎಲ್ಲಾ ಅವತ್ತ ಒಲಿ ಕಂಡು ಮುಗೀತು. ರೊಟ್ಟಿ ಬಡದು ಬಡದು ನನ್ನ ಅಂಗೈ ಕೆಂಪಗಾದ್ವು.

ಮಂದಿ ಚಂದಂಗ ಉಂಡು, ಎಲಿ ಅಡಕಿ ಹಾಕ್ಕೊಂಡ್ರು. ಆಮ್ಯಾಲ ಸಾಹೇಬರ ಬಾಯಿ ತಿರುಗಿತು, "ಇಲ್ಲಿ ಮದವಿ ಇಲ್ರೀ, ಇದು ಕ್ಯಾಂಪು" ಅಂದ್ರು. ಮುದುಕಿ ಸಿಟ್ಟಿಗೆದ್ದು ಕಣ ಹೊಳ್ಳಿ ಇಸಗೊಂಡು ಹೋದ್ಲು.

ಊಟಾ ಮಾತ್ರ ಯಾರೂ ಹೊಳ್ಳಿ ಕೊಡಲಿಲ್ಲ ನೋಡ್ರಿ.

ದೇಸೂರ ದಾಟಲಾರದ ಬುತ್ತಿ

ಮುಂದಿನ ಸಲ ನಾವು ಶಾಣ್ಯಾ ಆದ್ವಿ. ಅಡವ್ಯಾಗ ಒಲಿ ಮುಂದ ಕುಂದರೂದ ಬ್ಯಾಡ, ಬುತ್ತಿ ಕಟ್ಕೊಂಡ ಹೋಗೂಣು ಅಂತ ಮುಂಜಾನೆದ್ದು ಕಟಕ ರೊಟ್ಟಿ, ಶೇಂಗಾ ಚಟ್ನಿ, ಎಣಗಾಯಿ, ಮಾದಲಿ ಎಲ್ಲಾ ಮಾಡಿದ್ವಿ. ಅಕ್ಕ ಉಳ್ಳಾಗಡ್ಡಿ ಬಳ್ಳೊಳ್ಳಿ ಮುಟ್ಟಂಗಿಲ್ಲ, ಆಕಿ ಬುತ್ತಿ ಬ್ಯಾರೆ. ಅಡಗಿ ಇಲ್ಲ ಅಂದ್ರ ನಾವೂ ಗುಡ್ಡಾ ಹತ್ತಬಹುದಲ್ಲ!

ಬೆಳಗಾವ್ಯಾಗ ರೈಲು ಹತ್ತಿದ್ವಿ. ನಮ್ಮನಿಯವರು, "ಏ, ಸುಮ್ಮ ಒಂದು ರೊಟ್ಟಿ ಕೊಡ, ರುಚಿ ನೋಡೂಣು" ಅಂದ್ರು. ಒಬ್ಬರು ರುಚಿ ನೋಡಿದ ಮ್ಯಾಲ ಇನ್ನಿಬ್ಬರು ಬಿಡತಾರೇನು? ಎದುರಿಗೆ ಕುಂತ ಗುರುತಿಲ್ಲದವ್ರಿಗೂ ಸಾಹೇಬ್ರು, "ತಗೋರಿ ತಗೋರಿ, ಮನೀದ" ಅಂತ ಹಂಚಿದ್ರು. ಯಾರ ಮನೀದ? ಅವರ ಹೆಂಡ್ತಿ ಬರೇ ಉಪ್ಪಿನಕಾಯಿ ತಂದಿದ್ಲು!

ಮುಂದಿನ ದೇಸೂರ ಸ್ಟೇಶನ್ ಬಂದಾಗ ಬುಟ್ಟಿ ಕೊಡವಿದ್ರ ಹಿಟ್ಟಿನ ಧೂಳಿ ಅಷ್ಟ ಬಿತ್ತು. ಅಡವಿ ಇನ್ನೂ ಕಂಡಿದ್ದಿಲ್ಲ.

ನಮ್ಮನಿಯವರು ಹೊಟ್ಟಿ ಸವರ್ಕೊಂತ, "ಅಲ್ಲಿ ಹೋಗಿ ಬಿಸೇದು ಮಾಡೀರಂತ, ಅಡವ್ಯಾಗ ಬಿಸಿ ಅಡಗಿ ರುಚಿನ ಬ್ಯಾರೆ" ಅಂದ್ರು.

ದಾರಿ ನೋಡಿ ಬರತೀವಿ

ಈಗ ನನ್ನ ಸಿಟ್ಟಿನ ಮೂಲಾ ಹೇಳತೀನಿ ಕೇಳ್ರಿ. ಮಕ್ಕಳಿಗೆ ಧಬಧಬಿ ತೋರಸಾಕ ಅಂತ ಹೊಂಟವ್ರು ಇವರು. ಆದ್ರ ಪ್ರತಿ ಸಲ ಅಲ್ಲಿ ಮುಟ್ಟಿದ ಕೂಡಲೆ ಸಾಹೇಬರದು ಒಂದ ಮಾತು: "ಏರು ಭಾಳ ಐತಿ ವೈನಿ, ಹೆಣ್ಮಕ್ಕಳಿಗೆ, ಹುಡುಗೂರಿಗೆ ಆಗಂಗಿಲ್ಲ. ಮೊದಲ ನಾವು ಮೂರೂ ಮಂದಿ ಹೋಗಿ ದಾರಿ ನೋಡಿ ಬರತೀವಿ."

"ಹೋದ ಸಲ ನೋಡಿದ್ರಲ್ಲರೀ ದಾರಿ?"

"ಮಳಿಗಾಲ ಆದ ಮ್ಯಾಲ ದಾರಿ ಬದಲಾಗಿರತೈತಿ."

ನಾನು ಎರಡ ಕೊಡಾ ನೀರು ಹೊತ್ಕೊಂಡು ನಳದಿಂದ ಮನೀತನಾ ಒಂದ ಹನಿ ಚೆಲ್ಲಲಾರದ ಬರಾಕಿ. ಸಾಹೇಬ್ರು ಪೇಟಿಂದ ತರಕಾರಿ ತರೂದ್ರಾಗ ಮೂರ ಕಡೆ ಕುಂದರವರು. ನನಗ ಏರು ಆಗಂಗಿಲ್ಲಂತ!

ಹಿಂಗ ಅವರು ಹೋಗವ್ರು, ನಾವು ಹುಡುಗೂರ ಮೂಗು ಒರಸಕೊಂತ ಅಡಗಿ ಮಾಡವ್ರು. ಅಕ್ಕಂದು ಹೊತ್ತು ಮುಳಗೂದ್ರಾಗ ಊಟಾ ಮುಗೀಬೇಕು, ಅವರ ಧರ್ಮ ಹಂಗ, ಆಕಿ ಗಂಡ ಪಾಲಸತಿದ್ದಿಲ್ಲ ಆ ಮಾತು ಬ್ಯಾರೆ. ಅದಕ್ಕ ಬಿಸಲಿದ್ದಾಗ ಅಡಗಿ ಮಾಡಿ ಮುಗಸತಿದ್ವಿ. ಗಂಡಸರು ಕತ್ತಲಾದ ಮ್ಯಾಲ ಉಸ್ಸಂತ ಇಳದು ಬಂದು, "ಏನು ನೀರು! ಏನು ಸಪ್ಪಳಾ! ಕಣ್ಣು ತುಂಬಿ ಬಂದ್ವು! ಸಾರು ಬಿಸಿ ಮಾಡ್ರಿ" ಅನ್ನವ್ರು.

ಅಕ್ಕ ಒಮ್ಮೆ ನನ್ನ ಕಿವ್ಯಾಗ, "ಅಲ್ಲವಾ, ನೀರಿನ ಬಾಜೂಕ ನಿಂತು ಬಂದವರ ಅರಿವಿ ಮ್ಯಾಲ ಒಂದ ಹನಿ ನೀರಿಲ್ಲ" ಅಂದ್ಲು.

"ಕಣ್ಣು ತುಂಬಿ ಬಂದ್ವಂತಲ್ಲ, ನೀರೆಲ್ಲಾ ಅಲ್ಲೇ ಹೋಗಿರಬೇಕು" ಅಂದ್ನಿ.

ಗಂಡಾ ಉಳದ, ಕಿಟ್ಲಿ ಹೋತು

ನಂದೊಂದು ಹಿತ್ತಾಳಿ ಕಿಟ್ಲಿ ಇತ್ತು, ತವರಮನ್ಯಾಗ ಕೊಟ್ಟಿದ್ದು. ಕೈ ಸುಡಬಾರದು ಅಂತ ಹಿಡಿಕೀಗೆ ನನ್ನ ಮದವಿ ಇಳಕಲ್ ಸೀರಿ ದಡಿ ಸುತ್ತಿದ್ನಿ. ಅಂಥಾದ್ದನ್ನ ಒಂದ ಸಲ "ಮ್ಯಾಲ ಥಂಡಿ ಇರತೈತಿ" ಅಂತ ಚಾ ತುಂಬಿಸ್ಕೊಂಡು ಒಯ್ದ್ರು. ಸಂಜೀಕ ಬರೇ ಕೈಲೆ ಬಂದ್ರು.

"ಕಿಟ್ಲಿ ಎಲ್ಲಿ?"

ನಮ್ಮನಿಯವರು ಹಣಿಗೆ ಕೈ ಹಚ್ಚಿ ಕುಂತ್ರು. "ಏನ ಹೇಳ್ಲಿ? ಧಬಧಬಿ ಹಂತೇಕ ತೊಳಿಯಾಕ ಹೋಗಿದ್ನಿ. ನೀರು ಕೈಯಾಗಿಂದ ಕಸ್ಕೊಂಡು ಹೋತು. ಹಿಡಿಯಾಕ ಹೋದ್ರ ಕಾಲ ಜಾರಿತು. ಸಾಹೇಬ್ರು ಅಂಗಿ ಹಿಡದು ಜಗ್ಗಲಿಲ್ಲಂದ್ರ ನಾನೂ ಕಿಟ್ಲಿ ಹಿಂದ ಹೋಗತಿದ್ನಿ."

ಸಾಹೇಬ್ರು, "ದೇವರು ದೊಡ್ಡವ ವೈನಿ" ಅಂದ್ರು. ಅಕ್ಕನ ಗಂಡ ಗಿಡಾ ನೋಡಕೊಂತ ನಿಂತ.

ಕಿಟ್ಲಿ ಹಾಳಾಗಿ ಹೋಗಲಿ, ಕುಂಕುಮಾ ಉಳೀತಲ್ಲ! ಮನಿಗೆ ಬಂದು ಜಂಗಮರನ್ನ ಕರಸಿ ಪಾದಪೂಜಿ ಮಾಡಿಸಿದ್ನಿ. ಐದು ಮಂದಿ ಮುತ್ತೈದೇರನ್ನ ಕರದು ಹೋಳಿಗಿ ಊಟಾ ಹಾಕಿದ್ನಿ. ಇಡೀ ದಿನಾ ಹೂರಣಾ ರುಬ್ಬಿ ರಟ್ಟಿ ಬಿದ್ದ ಹೋಗಿದ್ವು.

ಸತ್ತು ಉಳದ ಬಂದ ಪುಣ್ಯಾತ್ಮ ಮಾತ್ರ ಕುಂತ ಜಾಗಾ ಬಿಟ್ಟ ಏಳಲಿಲ್ಲ. "ಇನ್ನೊಂದು ಹೋಳಿಗಿ ಹಾಕ, ಜೀವಾ ಇನ್ನೂ ಡವಡವಾ ಅಂತೈತಿ" ಅಂದ.

ನಾವೂ ಹೋದ್ವಿ

ಕಡೀಕ ಒಂದ ಸಲ ದೀಪಾವಳಿ ಆದ ಮ್ಯಾಲ ಹೋಗಿದ್ವಿ. ಸಾಹೇಬ್ರು "ದಾರಿ ನೋಡಿ..." ಅನ್ನೂದ್ರಾಗ ನಾ ಸೆರಗು ಸೊಂಟಕ್ಕ ಸಿಗಿಸಿದ್ನಿ.

"ಈ ಸಲ ದಾರಿ ನಾವು ನೋಡತೀವಿ. ಹಿಟ್ಟು ಅಲ್ಲೈತಿ, ಕಟಗಿ ಇಲ್ಲೈತಿ. ಬರೂದ್ರಾಗ ಝುಣಕಾ ಮಾಡಿ ಇಡ್ರಿ."

ನಮ್ಮನಿಯವರ ಮಾರಿ ಸುಣ್ಣಾ ಬಳದಂಗಾತು. "ಏ, ಬ್ಯಾಡ, ಕರಡಿ ಅದಾವು!"

"ಕರಡಿ ಇದ್ದ ಅಡವ್ಯಾಗ ಇಷ್ಟ ದಿನಾ ನಮ್ಮನ್ನ, ಹುಡುಗೂರನ್ನ ಬಿಟ್ಟ ಹೋಗತಿದ್ರೇನು?"

ಅಕ್ಕ, ಸಾಹೇಬರ ಹೆಂಡ್ತಿ, ನಾನು, ಹುಡುಗೂರ ದಂಡು, ಎಲ್ಲಾರೂ ಹೊಂಟ್ವಿ. ನಾವು ಒಲಿ ಹೂಡೂ ಜಾಗಾದ ಹಿಂದ ಒಂದು ತಿರುವು. ತಿರುವಿನಾಗ ದೊಡ್ಡದೊಂದು ಮಾವಿನ ಗಿಡಾ. ಏರು ಇನ್ನೂ ಸುರು ಆಗಿದ್ದಿಲ್ಲ. ಕೆಳಗ ಸಾಹೇಬ್ರು ಕೆಮ್ಮಿದ್ದು ಕೇಳತಿತ್ತು, ಅಷ್ಟು ಸನೇಕ.

ಮುಂದ ಓಡಿದ ನನ್ನ ಮಗಳು ಒದರಿದ್ಲು, "ಅವ್ವಾ, ನಮ್ಮ ಕಿಟ್ಲಿ!"

ಗಿಡದ ಪೊಟರ್ಯಾಗ ಕುಂತಿತ್ತು ನನ್ನ ಹಿತ್ತಾಳಿ ಕಿಟ್ಲಿ. ಇಳಕಲ್ ದಡಿ ಹೊಗಿ ಹಿಡದು ಕರ್ರಗಾಗಿತ್ತು. ಕೆಳಗ ಮೂರು ಕಲ್ಲು ಹೂಡಿದ ಒಲಿ, ಬಾಜೂಕ ಹಾಸಿದ ಗೋಣಿ ತಾಟು, ಅಕ್ಕನ ಅಂಗಡಿ ಚಾಪುಡಿ ಪೊಟ್ಟಣ, ಸಾಹೇಬರ ಮನಿ ಸಕ್ಕರಿ ಡಬ್ಬಿ, ಅದರ ಮ್ಯಾಲ ಇಸ್ಪೀಟ ಎಲಿ. ಇದು ಇವರ ಗುಡ್ಡಾ! ಇದು ಇವರ ಧಬಧಬಿ!

ಸುಳ್ಳು ಹೇಳಿದ್ದು ಹೋಗಲಿ. ಮನ್ಯಾಗ ನೀರು ಕುಡಿಬೇಕಂದ್ರೂ ನನ್ನ ಕರಿಯೋ ಮನಶಾ, ಚಾಪುಡಿ ಎಲ್ಲಿರತೈತಿ ಅಂತ ಗೊತ್ತಿಲ್ಲದ ಮನಶಾ, ಇಲ್ಲಿ ಒಲಿ ಹಚ್ಚಿ ಚಾ ಕಾಸಿ ಕುಡದಾನ! ಕಿಟ್ಲಿ ಎದಿಗೆ ಅವಚಿಕೊಂಡು ಅಲ್ಲೇ ಕುಂತಬಿಟ್ನಿ.

"ಯವ್ವಾ, ಹೋಳಿಗಿ ನೆನಸ್ಕೊಂಡ ಅಳಬ್ಯಾಡ, ನಡಿ, ನೀರು ನೋಡೂಣು" ಅಂತ ಅಕ್ಕ ರಟ್ಟಿ ಹಿಡದು ಜಗ್ಗಿದ್ಲು.

ಹತ್ತಿದ್ವಿ. ಅದೇನು ಮಹಾ ಏರಲ್ಲ, ಸಣ್ಣ ಹುಡುಗೂರು ಕುಣಕೋತ ಹತ್ತಿದ್ವು. ಮ್ಯಾಲ ಹೋಗಿ ನೋಡಿದ್ರ... ಏನ ಹೇಳ್ಲಿ. ಹಗ್ಗಿಲ್ಲ, ಗಾಲಿ ಇಲ್ಲ, ಯಾರೂ ಜಗ್ಗವರಿಲ್ಲ, ಹಾಲು ಸುರುವಿದಂಗ ಬೆಳ್ಳಗ ನೀರು ತನ್ನಷ್ಟಕ್ಕ ತಾನ ಬೀಳಾತಿತ್ತು. ಮೂರೂ ಮಂದಿ ಸೀರಿ ತೊಯ್ಯೂತನಾ ನಿಂತ್ವಿ. ಯಾರೂ ಮಾತಾಡಲಿಲ್ಲ. ನಮ್ಮ ಓಣ್ಯಾಗ ಅಂಥಾದ್ದು ಎಂದೂ ಆಗಿದ್ದಿಲ್ಲ.

ಇಳದು ಬಂದು ಕಿಟ್ಲಿ ನಮ್ಮನಿಯವರ ಮುಂದ ಇಟ್ನಿ. ಝುಣಕಾ ತಳಾ ಹತ್ತಿ ಹೊಗಿ ಏಳಾತಿತ್ತು. ಅವರು ಕಿಟ್ಲಿ ನೋಡಿದ್ರು, ನನ್ನ ನೋಡಿದ್ರು, "ನೋಡಿದೇನ, ಖಾನಾಪುರದ ನೀರು ಎಷ್ಟು ಪ್ರಾಮಾಣಿಕ ಐತಿ" ಅಂದ್ರು.

ಸಾಹೇಬ್ರು ಮಾತ್ರ ನಾ ಒಬ್ಬಾಕಿ ಇದ್ದಾಗ ಸಾವಕಾಶ ಹಂತೇಕ ಬಂದ್ರು. "ವೈನಿ, ಸಿಟ್ಟಾಗಬ್ಯಾಡ್ರಿ. ಸೋಮವಾರ ಬ್ಯಾಂಕಿನ್ಯಾಗ ಎಲ್ಲಾರೂ ಕೇಳತಾರು. ಆ ಧಬಧಬಿ ಖರೇನ ಹೆಂಗೈತ್ರಿ?"

ನಾ ಸೆರಗು ಹಿಂಡಿಕೊಂತ, "ಎಲ್ಲಾ ಚಂದೈತ್ರಿ ಸಾಹೇಬ್ರ. ಬುಡಕ್ಕ ಎರಡ ಮೊಸಳಿ ಬಾಯಿ ತಕ್ಕೊಂಡ ಮಲಗ್ಯಾವು, ಅಷ್ಟ" ಅಂದ್ನಿ.

ಸೋಮವಾರ ಸಂಜೀಕ ಬ್ಯಾಂಕಿನ ನಾಕು ಮಂದಿ ಸಾಹೇಬರ ಕಟ್ಟಿಮ್ಯಾಲ ಚಾ ಕುಡಕೋತ ಕುಂತಿದ್ರು. ನಾ ನಮ್ಮ ಬಾಗಲದಾಗ ಅಕ್ಕಿ ಆರಸಾತಿದ್ನಿ, ಕಿವಿ ಅಲ್ಲೇ ಇತ್ತು.

"ಎರಡ ವರ್ಷದಿಂದ ನೋಡಾತೀನ್ರೀ ಅವನ್ನ" ಅಂದ್ರು ಸಾಹೇಬ್ರು. "ಹೆಣ್ಮಕ್ಕಳು ಅಂಜತಾರು ಅಂತ ಇಷ್ಟ ದಿನಾ ಬಾಯಿ ಬಿಟ್ಟಿದ್ದಿಲ್ಲ. ಎರಡ ಮೊಸಳಿ. ಒಂದೊಂದು ಈ ಕಟ್ಟಿಯಷ್ಟು ಉದ್ದ!"

ಬಾಜೂಕ ನಮ್ಮನಿಯವರು ಕುಂತಿದ್ರು. ಇವರರ ಸುಮ್ಮ ಇರತಾರು ಅನಕೊಂಡ್ನಿ. ಬಶಿ ಕೆಳಗಿಟ್ಟು, ಗಂಟಲಾ ಸರಿ ಮಾಡ್ಕೊಂಡು ಅಂದ್ರು:

"ಮೂರ್ರೀ ಸಾಹೇಬ್ರ. ನನ್ನ ಹೆಂಡ್ತಿ ಕಿಟ್ಲಿ ಒಯ್ದದ್ದು ಮೂರನೇದು."