ಚಿಗವ್ವನ ಮನೆಯ ಹುಳದ ಪಂಕ್ತಿ

ನಮ್ಮ ಚಿಗವ್ವನ ಮನೆಯಲ್ಲಿ ಒಳ್ಳೆಯ ಊಟ ಸಿಗಬೇಕೆಂದರೆ ಮನುಷ್ಯರಾಗಿ ಹುಟ್ಟಬಾರದು, ಹುಳವಾಗಿ ಹುಟ್ಟಬೇಕು!

ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ. ಅಂದರೆ, ಮಾಡುತ್ತಿಲ್ಲ ಎಂದುಕೊಂಡಿದ್ದೇನೆ. ಯಾದಗಿರಿಯ ಕಾಲೇಜೊಂದರಲ್ಲಿ ಇತಿಹಾಸ ಕಲಿಸುವವನು ನಾನು. ಆಧಾರವಿಲ್ಲದೆ ಬಾಯಿ ಬಿಡಬಾರದೆಂದು ವಿಶ್ವವಿದ್ಯಾಲಯ ನನ್ನ ತಲೆಗೆ ತುಂಬಿ ಕಳಿಸಿದೆ. ನನ್ನ ಸ್ವಂತ ನೆನಪನ್ನಂತೂ ನಾನು ಸಾಕ್ಷಿಗೆ ಕರೆಯುವುದೇ ಇಲ್ಲ. ಒಮ್ಮೆ ಮನೆಮಂದಿಯೆಲ್ಲ ಕೂತಾಗ, ಚಿಗಪ್ಪನ ಕೆಂಪು ಸೈಕಲ್ಲಿನ ದಂಡಿಯ ಮೇಲೆ ಕೂತು ಶಾಲೆಗೆ ಹೋಗುತ್ತಿದ್ದೆ ಎಂದು ಕಣ್ಣು ತುಂಬಿಕೊಂಡು ಹೇಳಿದೆ. ಆಮೇಲೆ ಹಳೆಯ ಫೋಟೊ ಸಿಕ್ಕಿತು. ಸೈಕಲ್ಲು ಹಸಿರು. ದಂಡಿಯ ಮೇಲೆ ಕೂತವನು ನಮ್ಮಣ್ಣ! ಅಂದಿನಿಂದ ಯಾರು ಏನು ಕೇಳಿದರೂ ನನ್ನ ಉತ್ತರ ಒಂದೇ: "ಇರಬಹುದು."

ಚಿಗವ್ವ ಅಂದರೆ ನಮ್ಮವ್ವನ ತಂಗಿ. ಶಹಾಪುರದಲ್ಲಿ ಆಕೆಯದೊಂದು ಹಿಟ್ಟಿನ ಗಿರಣಿ. ಚಿಗಪ್ಪ ತೀರಿಕೊಂಡ ಮೇಲೆ ತಾನೇ ಪಟ್ಟಾ ಹಾಕಿ, ತಾನೇ ಕಲ್ಲು ಕೆತ್ತಿಸಿ, ಹುಬ್ಬಿನ ಮೇಲೆ ಜೋಳದ ಹಿಟ್ಟು ಹೊತ್ತುಕೊಂಡೇ ಓಡಾಡುತ್ತಾಳೆ. ಆಕೆಯ ಮನೆಯ ಕಾನೂನು ಒಂದೇ. ಹೊಸ್ತಿಲು ದಾಟಿದ ಜೀವ ಉಣ್ಣದೆ ಹೋಗಬಾರದು. ಗ್ಯಾಸ್ ಸಿಲಿಂಡರಿನವರು ಉಂಡಿದ್ದಾರೆ, ಮೀಟರು ಓದುವವರು ಉಂಡಿದ್ದಾರೆ. ಚುನಾವಣೆಯಲ್ಲಿ ಆಕೆಗೆ ಆಗದ ಪಕ್ಷದವರು ಕೈಮುಗಿದು ಬಂದಾಗ, "ನಿಮಗ ಓಟ್ ಹಾಕಂಗಿಲ್ರಿ. ರೊಟ್ಟಿ ಹಾಕ್ತೇನಿ, ಕೂಡ್ರಿ" ಎಂದು ತಾಟು ಇಟ್ಟವಳು. ಬೇಕೋ ಬೇಡವೋ ಎಂದು ಕೇಳುವ ಪದ್ಧತಿಯೇ ಇಲ್ಲ. ಸಾಕು ಅಂದರೆ ಇನ್ನೊಂದು ಬೀಳುತ್ತದೆ. ಬೇಡ ಎಂದು ಕೈ ಅಡ್ಡ ಇಟ್ಟರೆ ಕೈ ಮೇಲೇ ಬೀಳುತ್ತದೆ!

ಇಂಥ ಮನೆಯ ಮಾಳಿಗೆಯ ಕೋಣೆಗೆ ಹೈದರಾಬಾದಿನ ಕಡೆಯವನೊಬ್ಬ ಬಾಡಿಗೆಗೆ ಬಂದ. ಕಡೇಚೂರಿನ ಫ್ಯಾಕ್ಟರಿಯಲ್ಲಿ ಕೆಲಸ. ವರ್ಷದೊಳಗೆ ಬೇರೆ ಕಡೆ ಹೋಗಬೇಕಾಯಿತು. ಹೋಗುವಾಗ ಎರಡು ಗಾಜಿನ ಪೆಟ್ಟಿಗೆ ತಂದು ಚಿಗವ್ವನ ಮುಂದಿಟ್ಟ. "ಖಾಲಾ, ಆಠ್ ದಿನ್ ದೇಖ್ ಲೇವ್. ಮೈ ಆಕೇ ಲೇಜಾತೂಂ." ಎಂಟು ದಿನ ನೋಡಿಕೋ, ಬಂದು ಒಯ್ಯುತ್ತೇನೆ ಎಂದು ಹೋದವನು ಹೋದ. ಫೋನು ಮಾಡಿದರೆ ಈ ನಂಬರು ಚಾಲ್ತಿಯಲ್ಲಿಲ್ಲ ಎಂದು ಹೆಂಗಸೊಬ್ಬಳು ಹೇಳುತ್ತಾಳೆ.

ಪೆಟ್ಟಿಗೆಯಲ್ಲಿ ಇದ್ದವು ಟ್ಯಾರಂಟುಲಾ ಜೇಡಗಳು. ಒಂದು ನನ್ನ ಅಂಗೈಯಷ್ಟು, ಮೈಯೆಲ್ಲ ಕೂದಲು. ಇನ್ನೊಂದು ಸ್ವಲ್ಪ ಸಣ್ಣದು. ಎರಡೂ ಹೆಣ್ಣು. ಬೇರೆ ಯಾರಾದರೂ ಆಗಿದ್ದರೆ ಏನು ಕೇಳುತ್ತಿದ್ದರು? ಕಚ್ಚುತ್ತದೆಯೇ, ವಿಷವಿದೆಯೇ ಎಂದು ತಾನೆ? ಚಿಗವ್ವ ಕೇಳಿದ್ದು:

"ಇವು ಏನ್ ಉಂತಾವ?"

"ಹುಳ, ಖಾಲಾ."

"ಹುಳ ಏನ್ ಉಂತಾವ?"

ಆ ಎರಡನೆಯ ಪ್ರಶ್ನೆಯಲ್ಲೇ ನನ್ನ ಭಾನುವಾರಗಳೆಲ್ಲ ಹಾಳಾದವು.

ಹಿಟ್ಟಿನ ಹುಳ ಎಂಬ ಹಳದಿ ಪ್ರಾಣಿಯನ್ನು ಗಿರಣಿಯವರು ಹೇಗೆ ನೋಡುತ್ತಾರೆಂದು ನಿಮಗೆ ಗೊತ್ತೇ? ಪೊಲೀಸರು ಕಳ್ಳನನ್ನು ನೋಡಿದ ಹಾಗೆ! ಜೀವಮಾನವಿಡೀ ಚಿಗವ್ವ ಹುಳ ಕಂಡಲ್ಲಿ ಕೊಂದವಳು. ಅಂಥವಳು ಈಗ ಅಗಲವಾದ ತಟ್ಟೆಗಳಲ್ಲಿ ಗೋಧಿ ತೌಡು ಹಾಸಿ, ಮೇಲೆ ಮೊಟ್ಟೆ ಇಡುವ ರಟ್ಟು ಮುಚ್ಚಿ, ಹುಳಗಳಿಗೆ ಸಂಸಾರ ಹೂಡಿಕೊಟ್ಟಳು. ನೀರು ಇಟ್ಟರೆ ತೌಡಿಗೆ ಬೂಸು ಹಿಡಿಯುತ್ತದೆಂದು ದಾಹಕ್ಕೆ ಸೌತೆಕಾಯಿ, ಗಜ್ಜರಿ. ಕಾಯಿಪಲ್ಲೆಯವಳು ಮೊದಲು ಗಜ್ಜರಿ ಇಳಿಸುವುದು ನಮ್ಮ ಚಿಗವ್ವನ ಮನೆಯ ಮುಂದೆಯೇ.

ಒಂದು ಭಾನುವಾರ ಯಾದಗಿರಿಯಿಂದ ಬಸ್ಸಿನಲ್ಲಿ ಬೆಂದು ಬಂದೆ. ಚಿಗವ್ವ ಒಳ್ಳೆಯ ಕೆಂಪು ಗಜ್ಜರಿ ಹೆಚ್ಚುತ್ತಿದ್ದಳು. ಬಾಯಲ್ಲಿ ನೀರೂರಿತು.

"ಹಲ್ವಾ ಏನ್ ಚಿಗವ್ವಾ?"

"ಯಾರಂದ್ರು ನಿನಗ? ಹುಳಕ್ಕ."

ನನಗೆ ಬಿದ್ದದ್ದು ಮುಂಜಾನೆಯ ತಂಗಳ ರೊಟ್ಟಿ, ಶೇಂಗಾ ಹಿಂಡಿ. ಅದೂ ಒಂದಲ್ಲ ಎರಡಲ್ಲ, ಒತ್ತಾಯ ಮಾಡಿ ನಾಲ್ಕು! ಮನುಷ್ಯರಿಗೆ ಒತ್ತಾಯ, ಹುಳಗಳಿಗೆ ರುಚಿ. "ನಾ ನಿನ್ನ ಸ್ವಂತ ಅಕ್ಕನ ಮಗ" ಎಂದು ನೆನಪು ಮಾಡಿಕೊಟ್ಟೆ.

"ನೀ ಮುಂದಿನ ಐತವಾರನೂ ಬರ್ತಿ. ಅವು ನಾಳೆ ಹೋಗೋವು. ಹೋಗೋ ಜೀವಕ್ಕ ಚೊಲೋ ಉಣಿಸಿ ಕಳಸಬೇಕು. ಹುಳದ ಹೊಟ್ಯಾಗ ಏನ್ ಇರ್ತದ, ಅದ ಆಕಿ ಹೊಟ್ಟಿಗೆ ಹೋಗೋದು."

ಆಕಿ ಎಂದರೆ ದೊಡ್ಡ ಜೇಡ, ದೊಡ್ಡಾಕಿ. ಇನ್ನೊಂದು ಸಣ್ಣಾಕಿ. ಈ ತರ್ಕಕ್ಕೆ ಉತ್ತರ ಕೊಡುವ ವಿಭಾಗ ನಮ್ಮ ವಿಶ್ವವಿದ್ಯಾಲಯದಲ್ಲಿ ಇರಲಿಲ್ಲ.

ಗಿರಣಿಯವಳು ಹುಳ ಸಾಕುತ್ತಾಳೆಂದು ಊರಿಗೆ ಗೊತ್ತಾದರೆ ಯಾರು ಹಿಟ್ಟು ಬೀಸಿಸಲು ಬರುತ್ತಾರೆ? ಗುಟ್ಟಾಗಿಡು ಎಂದು ನಾನು ಎಷ್ಟು ಸಲ ಹೇಳಿದ್ದೇನೋ. (ಹೇಳಿದ್ದೇನೆ ಎಂದುಕೊಂಡಿದ್ದೇನೆ.) ಒಂದು ದಿನ ತಕ್ಕಡಿಯ ಮೇಲೆ ಹುಳವೊಂದು ಹರಿದಾಡಿತು. ಜೋಳ ತಂದಿದ್ದಾಕೆ ಕೂಗಿಕೊಂಡಳು: "ಯವ್ವಾ! ನಮ್ಮ ಜ್ವಾಳಕ್ಕ ಹುಳ ಬಿದ್ದದಲ್ಲವ್ವ!" ಹೌದು ಅಂದಿದ್ದರೆ ಮುಗಿಯುತ್ತಿತ್ತು. ಚಿಗವ್ವ ಸುಮ್ಮನಿದ್ದಾಳೆಯೇ?

"ನಿಮ್ಮ ಜ್ವಾಳದ ಹುಳ ಹಿಂಗ ಮೈಕೈ ತುಂಬಿಕೊಂಡು ಇರ್ತದೇನ? ಮಾರಿ ಮ್ಯಾಲಿನ ಕಳಾ ನೋಡು! ಇದು ನಮ್ದು!"

ಗುಟ್ಟು ಅಲ್ಲಿಗೆ ಸಂಪನ್ನವಾಯಿತು. ಆಶ್ಚರ್ಯವೆಂದರೆ ಗಿರಾಕಿ ಕಡಿಮೆಯಾಗಲಿಲ್ಲ. ದೊಡ್ಡಾಕಿಯನ್ನು ನೋಡಲೆಂದೇ ಒಂದು ಸೇರು ಜೋಳವನ್ನು ಎರಡು ಸಲ ಬೀಸಿಸುವವರು ಹುಟ್ಟಿಕೊಂಡರು.

ಹೀಗಿರುವಾಗ ಒಂದು ಭಾನುವಾರ, ನಾನೂ ಅಲ್ಲಿದ್ದಾಗ, ಸುರಪುರದಿಂದ ಚಿಗವ್ವನ ನೆಗೆಣ್ಣಿ, ಅಂದರೆ ಚಿಗಪ್ಪನ ತಮ್ಮನ ಹೆಂಡತಿ, ಬಂದರು. ಕಷ್ಟ ಸುಖ ಬಲ್ಲ ಗೃಹಿಣಿ. ಚಿಗವ್ವ ಗಿರಣಿಯಲ್ಲಿದ್ದಾಗ ಒಳಕೋಣೆಗೆ ಹೋಗಿ ತಟ್ಟೆಯ ರಟ್ಟು ಎತ್ತಿ ನೋಡಿದರು. ತೌಡಿನ ತುಂಬ ಹುಳ! ನಮ್ಮ ಕಡೆಯ ಹೆಣ್ಣುಮಗಳು ಕಾಳಿನಲ್ಲಿ ಹುಳ ಕಂಡರೆ ಏನು ಮಾಡುತ್ತಾಳೆ? ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾಳೆ. ಬೇವಿನ ಎಲೆ ಬೆರೆಸುತ್ತಾಳೆ, ಮಾಳಿಗೆಯ ಮೇಲೆ ಬಿಸಿಲಿಗೆ ಹರಡುತ್ತಾಳೆ. ನೆಗೆಣ್ಣಿ ಎರಡನ್ನೂ ಮಾಡಿದರು. ಅದೂ ಶಹಾಪುರದ ಬಿಸಿಲು! ಉಳಿದದ್ದನ್ನು ಗುಬ್ಬಿಗಳು ನೋಡಿಕೊಂಡವು. ಕೆಳಗೆ ಬಂದು ಕೈ ಒರೆಸಿಕೊಳ್ಳುತ್ತ, "ಅಕ್ಕಾ, ಪಾಪ ಒಬ್ಬಾಕಿನೇ ಇರ್ತಿ, ಲಕ್ಷ್ಯ ಸಾಲಂಗಿಲ್ಲ. ತೌಡೆಲ್ಲ ಹಸನ ಮಾಡಿಟ್ಟೇನಿ ನೋಡು" ಎಂದರು.

ಆಮೇಲೆ ನಡೆದ ಮಾತುಕತೆಯನ್ನು ಬರೆಯುವಂತಿಲ್ಲ. ಕೊನೆಗೆ ಚಿಗವ್ವ ನನ್ನನ್ನು ಎಳೆದು ತಂದು ನಿಲ್ಲಿಸಿದಳು.

"ಇವಾ ಇದ್ದ. ಒಳಗ ಏನೂ ಮುಟ್ಟಬ್ಯಾಡ ಅಂತ ಮುಂಜಾನೆ ಈಕಿಗೆ ನಾ ಹೇಳೇನೋ ಇಲ್ಲೋ? ಹೌದಂತ ಹೇಳು!"

ನಾನು ಯೋಚಿಸಿದೆ. ಹೇಳಿದ ಹಾಗೆ ನೆನಪು. ಆದರೆ ಕೆಂಪು ಸೈಕಲ್ಲೂ ಹೀಗೇ ನೆನಪಿತ್ತಲ್ಲ?

"ಹೇಳಿರಬಹುದು," ಅಂದೆ.

"ನೋಡ್ರಿ ಇವನ್ನ! ಊರೆಲ್ಲ ಬಿಟ್ಟು ಯುನಿವರ್ಸಿಟಿಗೆ ಹೋಗಿ, ಹೌದು ಅನ್ನೋದೊಂದು ಮರ್ತು ಬಂದಾನ!"

ಶಿಕ್ಷೆಯಾಗಿ ಹೊಸ ಹುಳ ತರುವ ಕೆಲಸ ನನಗೇ ಬಿತ್ತು. ಯಾದಗಿರಿಯ ಬಣ್ಣದ ಮೀನಿನ ಅಂಗಡಿಯಲ್ಲಿ ಒಂದು ಡಬ್ಬಿ ಸಿಕ್ಕಿತು. ಶಹಾಪುರದ ಬಸ್ಸಿನಲ್ಲಿ ಪಕ್ಕ ಕೂತ ರುಮಾಲಿನ ಹಿರಿಯರು ಕಿವಿ ಕೊಟ್ಟು ಕೇಳಿದರು.

"ಸರ, ಡಬ್ಬ್ಯಾಗ ಏನೋ ಸರಸರ ಅಂತದಲ್ರಿ?"

"ಹುಳರಿ."

"ಹಹ್ಹಾ! ಮಾಸ್ತರ ಚಾಷ್ಟಿ ಮಾಡಾಕತ್ತಾರ. ಚುರಮರಿ ಇರಬೇಕು, ತಗೀರಿ, ಒಂದು ಮುಕ್ಕು ನಮಗೂ ಬರಲಿ" ಎಂದು ತಾವೇ ಮುಚ್ಚಳ ತೆಗೆದು ಕೈ ಹಾಕಿದರು. ಭೀಮಾ ಸೇತುವೆ ದಾಟುವುದರೊಳಗೆ ಮೂರು ಜನರ ಸೀಟು ನನ್ನೊಬ್ಬನದಾಗಿತ್ತು!

ಇಷ್ಟೆಲ್ಲ ಮಾನ ಕಳೆದುಕೊಂಡು ಹುಳ ತಂದರೆ ದೊಡ್ಡಾಕಿ ಅದನ್ನು ಮುಟ್ಟಲಿಲ್ಲ. ಸಣ್ಣಾಕಿ ಗಬಗಬ ತಿಂದಳು. ದೊಡ್ಡಾಕಿ ಕಾಲಿನಿಂದ ಹುಳವನ್ನು ಆಚೆ ಸರಿಸಿ ಮೂಲೆ ಸೇರಿದಳು. ಮರುದಿನವೂ ಹಾಗೇ. ಮರುವಾರವೂ ಹಾಗೇ.

"ಯಾದಗಿರಿ ಹುಳ, ಉಪವಾಸ ಬಿದ್ದಾವ. ಆಕಿಗೆ ಗೊತ್ತಾಗಂಗಿಲ್ಲೇನು?" ಎಂದು ಚಿಗವ್ವ ಮೊದಮೊದಲು ನನ್ನನ್ನೇ ಬೈದಳು. ಹುಳಗಳಿಗೆ ಎರಡು ಪಟ್ಟು ಗಜ್ಜರಿ, ಮೇಲೆ ಮೆಂತ್ಯ ಪಲ್ಲೆ. ಅವು ಹೆಬ್ಬೆರಳಿನ ಹಾಗೆ ಬೆಳೆದವು. (ಇದು ಮಾತ್ರ ಉತ್ಪ್ರೇಕ್ಷೆ.) ದೊಡ್ಡಾಕಿ ಮುಖ ತಿರುಗಿಸಿಯೇ ಇದ್ದಳು. ತಿಂಥಣಿ ಮೌನೇಶ್ವರನಿಗೆ ಕಾಯಿ ಹರಕೆ ಹೊತ್ತದ್ದಾಯಿತು. ನನ್ನ ಪಾಠದ ನಡುವೆ ಫೋನು ಬರತೊಡಗಿತು. "ಇವತ್ತೂ ಉಣ್ಣಲಿಲ್ಲೋ."

"ಚಿಗವ್ವಾ, ಅದು ಒಂದು ಜೇಡ!"

"ಇರಲಿ. ಉಣ್ಣಾದು ಬಿಟ್ಟ ಜೀವ ಉಳಿಯಂಗಿಲ್ಲ. ನಾ ಒಮ್ಮೆ ನೋಡೇನಿ."

ಚಿಗಪ್ಪ ಕಡೆಯ ದಿನಗಳಲ್ಲಿ ಅನ್ನ ಬಿಟ್ಟಿದ್ದರು. ಚಿಗವ್ವ ಬಟ್ಟಲು ಹಿಡಿದು ಅವರ ಬೆನ್ನು ಹತ್ತಿದ್ದಳು. ಅಂಗಲಾಚಿದ್ದಳು, ಬೈದಿದ್ದಳು. ಅದು ಮನೆಮಂದಿಗೆಲ್ಲ ಗೊತ್ತು, ಅದಕ್ಕೆ ನನ್ನ ನೆನಪು ಬೇಕಿಲ್ಲ.

ಒಂದು ಮಧ್ಯಾಹ್ನ ಫೋನಿನಲ್ಲಿ ಎರಡೇ ಮಾತು: "ಬಾ. ಆಕಿ ಹೋದ್ಲು."

ಹೋಗಿ ನೋಡಿದರೆ ಗಿರಣಿ ನಿಂತಿತ್ತು. ಕರೆಂಟು ಇದ್ದಾಗ ನಿಲ್ಲದ ಗಿರಣಿ! ಜೋಳದ ಚೀಲ ಮುಂದಿಟ್ಟುಕೊಂಡು ಹೆಂಗಸರು ಮಣ್ಣಿಗೆ ಬಂದವರ ಹಾಗೆ ಕೂತಿದ್ದರು. ಒಳಗೆ ಪೆಟ್ಟಿಗೆಯಲ್ಲಿ ದೊಡ್ಡಾಕಿ ಬೆನ್ನ ಮೇಲೆ ಬಿದ್ದು, ಎಂಟೂ ಕಾಲು ಮೇಲಕ್ಕೆ ಮಾಡಿ, ಊರಾಚೆಯ ಗುಡ್ಡಗಳ ಸಾಲಿನಲ್ಲಿ ಕಾಣುವ ಮಲಗಿದ ಬುದ್ಧನಷ್ಟೇ ನಿಶ್ಚಲವಾಗಿದ್ದಳು.

"ಬೇವಿನ ಗಿಡದ ಬುಡಕ ಮಣ್ಣು ಕೊಡೋಣವ್ವ" ಎಂದಳು ಒಬ್ಬಾಕೆ.

"ಬೇವಿನ ಹೆಸರು ತಗೀಬ್ಯಾಡ ನನ್ನ ಮುಂದ!" ಎಂದಳು ಚಿಗವ್ವ.

ನಾನು ಮೊಬೈಲು ತೆಗೆದೆ. ಓದಿದೆ. ನಂಬಿಕೆಯಾಗದೆ ಇನ್ನೊಂದು ಕಡೆ ಓದಿದೆ. ಎಲ್ಲ ಕಡೆಯೂ ಅದೇ. ಈ ಜೇಡ ಬೆನ್ನ ಮೇಲೆ ಮಲಗಿದರೆ ಸತ್ತಿಲ್ಲ, ಪೊರೆ ಬಿಡುತ್ತಿದೆ. ಅದಕ್ಕೇ ಇಷ್ಟು ದಿನ ಊಟ ಬಿಟ್ಟದ್ದು. ಮುಟ್ಟಬಾರದು. ಮುಖ್ಯವಾಗಿ, ಪೆಟ್ಟಿಗೆಯಲ್ಲಿ ಹುಳ ಬಿಡಬಾರದು. ಹೊಸ ಮೈ ಹಾಲಿನ ಕೆನೆಯಷ್ಟು ಮೆತ್ತಗಿರುತ್ತದೆ, ಹುಳ ಅದನ್ನು ಕೊರೆದುಬಿಡುತ್ತದೆ.

ನೋಡಿದರೆ ದೊಡ್ಡಾಕಿಯ ಮಗ್ಗುಲಲ್ಲೇ ಒಂದು ಹುಳ! ಗಜ್ಜರಿ ತಿಂದು ಕೊಬ್ಬಿದ್ದು, ಚಿಗವ್ವ ಮುಂಜಾನೆ ಬಿಟ್ಟದ್ದು.

"ಅದನ್ನ ತಗಿ ಚಿಗವ್ವಾ, ಲಗೂನ!"

ಆಕೆ ನನ್ನ ಕೈ ಹಿಡಿದಳು. "ಎದ್ದ ಮ್ಯಾಲ ಆಕಿಗೆ ಹಸೀತದ. ಇರಲಿ."

"ಇದ್ರ ಅದೇ ಆಕಿನ್ನ ತಿಂತದ."

"ನಾ ಯಾರ ಮುಂದಿನ ತಾಟೂ ಎತ್ತಿದಾಕಿ ಅಲ್ಲೋ. ಖಾತ್ರಿ ಏನು?"

"ಖಾತ್ರಿ ಇಲ್ಲ. ಆದ್ರೂ ತಗಿ."

ಆಕೆ ನನ್ನ ಕೈ ಬಿಟ್ಟಳು. ಆಮೇಲೆ ರೊಟ್ಟಿ ತೆಗೆಯುವ ಉದ್ದನೆಯ ಚಿಮಟಾ ತಂದು, ಹುಳವನ್ನು ಎತ್ತಿ ಹೊರಗೆ ತಂದಳು.

ಹೆಂಗಸರು ಒಬ್ಬೊಬ್ಬರೇ ಎದ್ದುಹೋದರು. ನಾವಿಬ್ಬರು ಪೆಟ್ಟಿಗೆಯ ಮುಂದೆ ಕೂತೆವು. ಬಿಸಿಲು ಬಾಗಿಲಿನಿಂದ ಗೋಡೆಗೆ ಸರಿಯುವ ಹೊತ್ತಿಗೆ ದೊಡ್ಡಾಕಿಯ ಎದೆಯ ಪಕ್ಕ ಒಂದು ಸೀಳು ಕಂಡಿತು. ಹಳೆಯ ಕಾಲುಗಳೊಳಗಿಂದ ಹೊಸ ಕಾಲುಗಳು, ಕೈಗವಸಿನಿಂದ ಬೆರಳು ಬಂದ ಹಾಗೆ, ನಿಧಾನವಾಗಿ ಬಂದವು. ಪಕ್ಕದಲ್ಲಿ ಹಳೇ ಮೈ ಖಾಲಿಯಾಗಿ ಬಿದ್ದಿತ್ತು.

ಚಿಗವ್ವ ಅದನ್ನೇ ನೋಡುತ್ತ ಹೇಳಿದಳು: "ಉಣ್ಣಲಾರದವರಿಗೆ ಒತ್ತಾಯ ಮಾಡಬಾರದಂತ ಅವಾಗ ನನಗ ಯಾರೂ ಹೇಳಲಿಲ್ಲ."

ನಾನು ಚಿಮಟಾ ಎತ್ತಿ ಪಕ್ಕಕ್ಕಿಟ್ಟೆ.

"ಕಡೀ ದಿನ ನೀ ಅವರ ಹತ್ರ ಕೂತಿದ್ದಿ. ನಾ ಅಂಬಲಿ ತಂದೆ. ಬೈದೆ. ಬಟ್ಟಲು ಅಲ್ಲೇ ಇಟ್ಟು ಸಿಟ್ಟಿಲೆ ಗಿರಣಿಗೆ ಹೋದೆ. ತಿರುಗಿ ಬರೋದ್ರಾಗ ಬಟ್ಟಲು ಖಾಲಿ ಇತ್ತು, ಅವರೂ ಇರಲಿಲ್ಲ." ಈಗ ನನ್ನ ಕಡೆ ತಿರುಗಿದಳು. "ಅವರು ಕುಡದ್ರೇನೋ? ನಾ ಕೊಟ್ಟಿದ್ದು?"

ನೆನಪಿಸಿಕೊಂಡೆ. ಹಿತ್ತಾಳೆಯ ಬಟ್ಟಲು ಕಾಣುತ್ತದೆ. ಅದರ ಅಂಚಿಗೆ ಅಂಟಿದ ಅಂಬಲಿ ಕಾಣುತ್ತದೆ. ಚಿಗಪ್ಪನ ಕೈ ಮೇಲೆದ್ದದ್ದು ಕಾಣುತ್ತದೆ. ಅದು ಬಟ್ಟಲನ್ನು ಹತ್ತಿರ ಎಳೆದುಕೊಂಡಿತೋ, ಆಚೆ ದೂಡಿತೋ? ಎಷ್ಟು ಕಣ್ಣು ಮುಚ್ಚಿದರೂ ಆ ಕೈ ಅಲ್ಲೇ ನಿಂತುಬಿಡುತ್ತದೆ.

"ಹೌದು," ಅಂದೆ. "ಕುಡದ್ರು."

"ಖರೇ?"

"ಖರೇ. ಉಪ್ಪು ಸರಿ ಅದ ಅಂದ್ರು."

ಚಿಗವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಹುಬ್ಬಿನ ಹಿಟ್ಟು ಕೆನ್ನೆಗೆ ಬಂತು.

"ಅವತ್ತಿನ ಅಂಬಲಿಗೆ ನಾ ಉಪ್ಪ ಹಾಕಿದ್ದಿಲ್ಲ. ಡಾಕ್ಟರು ಬ್ಯಾಡಂದಿದ್ರು" ಎಂದಳು. ನನಗೆ ನೆಲ ಬಾಯಿ ಬಿಡಬಾರದೇ ಅನಿಸಿತು. ಆಕೆ ಮಾತ್ರ ಪೆಟ್ಟಿಗೆಯ ಗಾಜನ್ನು ಬೆರಳಿನಿಂದ ಮೆಲ್ಲಗೆ ಸವರಿ, "ಆದ್ರೂ ಅಂದಿರಬಹುದು" ಎಂದಳು.

ಆಮೇಲೆ ಎದ್ದು ಹುಳದ ಗಜ್ಜರಿಯ ಬುಟ್ಟಿ ಕೈಗೆತ್ತಿಕೊಂಡಳು. ಬಾಗಿಲಲ್ಲಿ ನಿಂತು ತಿರುಗಿದಳು.

"ಹಲ್ವಾ ಮಾಡ್ತೇನಿ. ತಿಂತಿಯೇನು, ಬ್ಯಾಡೇನು?"

ಚಿಗವ್ವ ಯಾರನ್ನಾದರೂ ಹಾಗೆ ಕೇಳಿದ್ದು ನನಗೆ ನೆನಪಿಲ್ಲ.