ಮೂಗು ಸವೆದ ಗೊಂಬೆ

ನಮ್ಮ ಭಾವನವರು ಅಮೆರಿಕದ ನೂರಾರು ಕಾಲೇಜುಗಳನ್ನು ಅರೆದು ಕುಡಿದಿದ್ದಾರೆ! ಅಲ್ಲಿಗೆ ಹೋಗಿ ಅಲ್ಲ, ಲಂಡನ್ನಿನ ಸ್ಟ್ಯಾನ್ಮೋರಿನಲ್ಲಿ ತಮ್ಮ ಮನೆಯ ಸೋಫಾದಲ್ಲಿ ಕೂತು. ಅಮೆರಿಕದ ನೆಲವನ್ನು ಅವರು ಇವತ್ತಿಗೂ ಮೆಟ್ಟಿಲ್ಲ. ಆದರೆ ಎಲ್ಲಿಯ ಹುಡುಗರು ಪರೀಕ್ಷೆಗೆ ಮುಂಚೆ ಕಿಟಕಿ ತೆಗೆದು ಒಟ್ಟಿಗೆ ಕಿರುಚುತ್ತಾರೆ, ಎಲ್ಲಿ ಪಂದ್ಯ ಗೆದ್ದರೆ ಮರಗಳಿಗೆಲ್ಲ ಟಾಯ್ಲೆಟ್ ಪೇಪರ್ ಸುತ್ತುತ್ತಾರೆ, ಎಲ್ಲಿ ವರ್ಷಕ್ಕೊಮ್ಮೆ ಹಾಸ್ಟೆಲಿನ ತಾರಸಿಯಿಂದ ಪಿಯಾನೋ ಕೆಡವುತ್ತಾರೆ, ಎಲ್ಲ ಅವರ ನಾಲಿಗೆಯ ತುದಿಯಲ್ಲೇ ಇರುತ್ತದೆ.

"ಪಿಯಾನೋ ಏನು ತಪ್ಪು ಮಾಡಿತ್ತು ಭಾವ?" ಎಂದೆ ಒಮ್ಮೆ.

"ಅದನ್ನೆಲ್ಲ ಕೇಳಬಾರದಮ್ಮ. ಸಂಪ್ರದಾಯ!"

ನನ್ನ ಅತ್ತೆಯವರೂ ಥೇಟ್ ಹೀಗೇ ಹೇಳುತ್ತಿದ್ದರು. ಅವರ ಹಿರಿಮಗನಲ್ಲವೇ ಮತ್ತೆ!

ಭಾವ, ಅಂದರೆ ನನ್ನ ಯಜಮಾನರ ಅಣ್ಣ, ಮೈಸೂರಿನಲ್ಲಿ ಡಾಕ್ಟರಿಕೆ ಓದಿ ಇಲ್ಲಿ ಜಿಪಿ, ಅಂದರೆ ಬಡಾವಣೆಯ ಡಾಕ್ಟರು, ಆಗಿದ್ದವರು. ಇಂಟರ್‌ನೆಟ್ ಇನ್ನೂ ಮನೆಮನೆಗೆ ಬಾರದ ತೊಂಬತ್ತರ ದಶಕದಲ್ಲಿ ಅವರಿಗೆ ಇಷ್ಟೆಲ್ಲ ಹೇಗೆ ಗೊತ್ತಾಗುತ್ತಿತ್ತು ಅಂತೀರಾ? ಕಂಡಕಂಡ ಕಾಲೇಜಿಗೆಲ್ಲ ಕಾಗದ ಬರೆದು ಅವುಗಳ ಪರಿಚಯ ಪುಸ್ತಕ ತರಿಸುತ್ತಿದ್ದರು. ಪೋಸ್ಟ್‌ಮನ್ ದಿನವೂ ದಪ್ಪ ದಪ್ಪ ಲಕೋಟೆ ಹೊತ್ತು ತಂದು, ಕೊನೆಗೊಂದು ದಿನ ತಡೆಯಲಾರದೆ "ಡಾಕ್ಟರ್, ನಿಮಗೆ ಒಟ್ಟು ಎಷ್ಟು ಮಕ್ಕಳು?" ಎಂದು ಕೇಳಿದನಂತೆ. ಇವರಿಗೆ ಇದ್ದವನು ಒಬ್ಬನೇ ಮಗ. ಅವನು ಆಗಲೇ ಕ್ರೋಯ್ಡನ್ನಿನಲ್ಲಿ ಕೆಲಸಕ್ಕೆ ಸೇರಿಯಾಗಿತ್ತು! ಭಾವ ಓದಿ ಮುಗಿಸಿದ ಪುಸ್ತಕಗಳ ನುಣುಪು ಹಾಳೆಗಳನ್ನು ನನ್ನ ಓರಗಿತ್ತಿ ಅಡುಗೆಮನೆಯ ಕಪಾಟಿಗೆ ಹಾಸುತ್ತಿದ್ದರು. ಹಾಗಾಗಿ ಅವರ ಮನೆಯ ಸಾರಿನ ಪುಡಿ ಡಬ್ಬಿ ಒಂದು ಗಡಿಯಾರದ ಗೋಪುರದ ಮೇಲೂ, ಹುಣಸೆಹಣ್ಣಿನ ಜಾಡಿ ಒಂದು ಫುಟ್‌ಬಾಲ್ ಮೈದಾನದ ನಟ್ಟನಡುವೆಯೂ ಕೂತಿರುತ್ತಿದ್ದವು.

ಹಬ್ಬದೂಟಕ್ಕೆ ನಾಲ್ಕು ಕನ್ನಡದವರು ಸೇರಿದರೆ ಭಾವ ಕೋಸಂಬರಿ ಬಡಿಸುವಾಗಲೇ ಶುರು. "ಕೇಳಿದ್ರಾ? ಅಮೆರಿಕದ ಕೆಲವು ಕಾಲೇಜಲ್ಲಿ ಈಜು ಬರದೇ ಇದ್ರೆ ಡಿಗ್ರಿನೇ ಕೊಡೋಲ್ಲ!"

ಧಾರವಾಡದ ಡಾಕ್ಟರಮ್ಮನೊಬ್ಬರು ಹೋಳಿಗೆ ಮುರಿಯುತ್ತಾ ಅಂದರು: "ಏನ್ರೀ ಡಾಕ್ಟ್ರೇ, ನಮ್ಮ ಕಡೆ ಆ ರೂಲ್ ಇದ್ದಿದ್ರ ಒಬ್ರೂ ಡಾಕ್ಟರ್ ಆಗ್ತಿದ್ದಿಲ್ಲ ನೋಡ್ರಿ. ಕುಡಿಯಾಕ ನೀರು ಬರೋದ ವಾರಕ್ಕೊಮ್ಮೆ, ಇನ್ನ ಈಜೋದೆಲ್ಲಿ!"

ಎಲ್ಲರೂ ನಕ್ಕರು. ಭಾವ ಮಾತ್ರ ನಗಲಿಲ್ಲ. ಸಂಪ್ರದಾಯದ ವಿಷಯದಲ್ಲಿ ಅವರು ನಗುವವರಲ್ಲ.

ಇನ್ನೊಂದು ದಿನ ವಿಗ್ರಹಗಳ ವಿಷಯ ಬಂತು. ಕೆಲವು ಕಾಲೇಜುಗಳ ಅಂಗಳದಲ್ಲಿ ಯಾರೋ ಹಿರಿಯರ ಕಂಚಿನ ವಿಗ್ರಹ ಇರುತ್ತದಂತೆ. ಪರೀಕ್ಷೆಗೆ ಹೋಗುವವರು ಅದೃಷ್ಟಕ್ಕೆಂದು ಅದರ ಶೂಸಿನ ತುದಿಯನ್ನು ಸವರಿ ಸವರಿ ಬಂಗಾರದ ಹಾಗೆ ಮಿನುಗಿಸಿಬಿಟ್ಟಿದ್ದಾರಂತೆ!

"ಇದರಲ್ಲೇನಿದೆ ಭಾವ? ನಾವು ದೊಡ್ಡವರ ಕಾಲು ಮುಟ್ಟಿ ಪರೀಕ್ಷೆಗೆ ಹೋಗ್ತಿರಲಿಲ್ವೇ?" ಎಂದೆ.

"ಅದು ಬೇರೆ, ಇದು ಬೇರೆ!" ಎಂದು ಗದರಿದರು. ತಮ್ಮ ಕಾಲು ಮುಟ್ಟಲು ಮಾತ್ರ ಅವರು ಯಾರನ್ನೂ ಬಿಡುವವರಲ್ಲ. ಹಬ್ಬದ ದಿನ ಯಾರಾದರೂ ಬಗ್ಗಿದರೆ ಸಾಕು, ಬಿಸಿ ಕಾವಲಿ ತುಳಿದವರಂತೆ "ಬೇಡ, ಬೇಡ" ಎನ್ನುತ್ತಾ ಎರಡಡಿ ಹಿಂದಕ್ಕೆ ಹಾರುತ್ತಾರೆ.

ಆದರೆ ಲಂಡನ್ನಿನ ನಮ್ಮ ಮಕ್ಕಳಿಗೂ ಒಂದು ವಿಗ್ರಹ ಬೇಡವೇ? ಭಾವನವರ ಮನೆಯ ಮುಂದಿನ ತೋಟದಲ್ಲಿ, ಹಿಂದೆ ಇದ್ದವರು ಬಿಟ್ಟುಹೋದ, ಕೆಂಪು ಟೋಪಿಯ ಗಡ್ಡದ ಕುಳ್ಳ ಗೊಂಬೆಯೊಂದಿತ್ತು. ಇಂಗ್ಲಿಷರ ತೋಟಗಳಲ್ಲಿ ಇರುತ್ತವಲ್ಲ, ಅಂಥದ್ದು. ಅದರ ಪಾದ ಮಣ್ಣಿನಲ್ಲಿ ಹೂತಿದ್ದರಿಂದ ಭಾವ ಮೂಗನ್ನು ನಿಗದಿ ಮಾಡಿದರು. ನನ್ನ ಮಗಳು ಇಲ್ಲಿಯ ಎಸ್ಸೆಸ್ಸೆಲ್ಸಿಯಂಥ ಜಿಸಿಎಸ್‌ಇ ಪರೀಕ್ಷೆಗೆ ಮುಂಚೆ "ದೊಡ್ಡಪ್ಪ, ದಿಸ್ ಈಸ್ ಸೋ ಎಂಬರಾಸಿಂಗ್" ಎನ್ನುತ್ತಲೇ ಸವರಿದಳು. ಒಳ್ಳೆಯ ಗ್ರೇಡು ಬಂತು. ಅಷ್ಟೇ! ನಾವಿರುವ ಕಿಂಗ್ಸ್‌ಬರಿಯಿಂದೆಲ್ಲ ಮಕ್ಕಳು ಬರತೊಡಗಿದರು. ಡ್ರೈವಿಂಗ್ ಟೆಸ್ಟಿಗೆ ಹೊರಟ ಅಮ್ಮಂದಿರೂ ಬಂದರು. ಎರಡೇ ವರ್ಷದಲ್ಲಿ ಗೊಂಬೆಯ ಮೂಗಿನ ಬಣ್ಣ ಹೋಗಿ ಬಿಳಿ ಗಾರೆ ಕಂಡಿತು.

ಇಷ್ಟು ಹೊತ್ತೂ ನನ್ನ ವಿಷಯ ಹೇಳದೆ ಮುಂದೂಡುತ್ತಿದ್ದೇನೆ, ನೋಡಿ. ನನ್ನ ಬಿ.ಎ. ಎರಡನೆಯ ವರ್ಷಕ್ಕೇ ನಿಂತಿತ್ತು; ಮದುವೆಯಾಗಿ ಕಿಂಗ್ಸ್‌ಬರಿಗೆ ಬಂದೆ. ಇಲ್ಲಿಯ ಫಾರಂಗಳಲ್ಲಿ ವಿದ್ಯಾರ್ಹತೆಯ ಕಲಂ ಬಂದಾಗಲೆಲ್ಲ ಒಂದು ಅಡ್ಡಗೆರೆ ಎಳೆಯುತ್ತಿದ್ದೆ. ಇಪ್ಪತ್ತು ವರ್ಷ ಎಳೆದೆ. ಯಾರಿಗೂ ಕಾಣದ ಆ ಗೆರೆ ಭಾವನವರಿಗೆ ಹೇಗೆ ಕಂಡಿತೋ! ಒಂದು ಭಾನುವಾರ, ಸಂಜೆ ತರಗತಿಗಳಲ್ಲಿ ಓದುವ ಪದವಿಯ ಅರ್ಜಿ ತಂದು ಊಟದ ಮೇಜಿನ ಮೇಲಿಟ್ಟರು.

"ನಲವತ್ತಮೂರಕ್ಕೆ ಓದಿ ಏನು ಮಾಡಲಿ ಭಾವ?"

"ಮೊದಲು ಸಹಿ ಮಾಡು. ಆಮೇಲೆ ಕೇಳು."

ಆರು ವರ್ಷ! ಸ್ಕೂಲಿನ ಕ್ಯಾಂಟೀನಿನಲ್ಲಿ ಮಕ್ಕಳಿಗೆ ಬಡಿಸಿ, ಮನೆಗೆ ಬಂದು ಚಪಾತಿ ಲಟ್ಟಿಸಿ, ಕುಕ್ಕರಿನ ಸೀಟಿಗಳ ನಡುವೆ ಇತಿಹಾಸ ಓದಿದೆ. ಪ್ರತಿ ಪರೀಕ್ಷೆಗೂ ಭಾವ ತಾವೇ ಜೊತೆಗೆ ಬರುತ್ತಿದ್ದರು. ಯಾಕೆ ಗೊತ್ತೇ? ಅಮೆರಿಕದ ಎಷ್ಟೋ ಕಾಲೇಜುಗಳಲ್ಲಿ ನೆಲದ ಮೇಲೆ ಕಾಲೇಜಿನ ಮುದ್ರೆ ಕೆತ್ತಿರುತ್ತಾರಂತೆ. ಅದನ್ನು ತುಳಿದ ವಿದ್ಯಾರ್ಥಿಗೆ ಪದವಿ ಸಿಕ್ಕುವುದಿಲ್ಲವಂತೆ. ಲಂಡನ್ನಿನ ಫುಟ್‌ಪಾತಿನಲ್ಲಿ ಅಂಥ ಮುದ್ರೆ ಎಲ್ಲಿ ಬರಬೇಕು? ಚರಂಡಿಯ ಮೇಲಿನ ದುಂಡನೆಯ ಕಬ್ಬಿಣದ ಮುಚ್ಚಳಗಳೇ ಮುದ್ರೆ ಎಂದು ಭಾವ ತೀರ್ಮಾನಿಸಿದರು! ಕೋಟು, ಟೈ ತೊಟ್ಟ ಡಾಕ್ಟರು ಮುಂದೆ ಮುಂದೆ ಕುಪ್ಪಳಿಸುವುದು, "ಇಲ್ಲೊಂದಿದೆ, ಎಡಕ್ಕೆ ಬಾ" ಎಂದು ಕೂಗುವುದು, ಹಿಂದೆ ಸೀರೆ ಎತ್ತಿ ಹಿಡಿದು ನಾನು. ದಾರಿಯಲ್ಲಿ ಅವರ ಪೇಷೆಂಟುಗಳು ಸಿಕ್ಕಿದರೆ ಭಾವ ಕುಪ್ಪಳಿಸುತ್ತಲೇ "ಗುಡ್ ಮಾರ್ನಿಂಗ್" ಎನ್ನುತ್ತಿದ್ದರು.

ನಾಲ್ಕನೆಯ ವರ್ಷ ಒಂದು ಪೇಪರಿನಲ್ಲಿ ಫೇಲಾದೆ. ಓದಿರಲಿಲ್ಲ, ಅದಕ್ಕೆ. ಆದರೆ ಭಾವ ಒಪ್ಪಬೇಕಲ್ಲ! "ಸ್ಟೇಷನ್ ಹತ್ತಿರ ಒಂದು ತುಳಿದೆ, ನಾನು ನೋಡಿದೆ" ಎಂದರು. ಅವತ್ತು ನನಗೆ ರೇಗಿತು. "ನಿಮಗೆ ಇದೆಲ್ಲ ಆಟ ಭಾವ! ಅಡ್ಡಗೆರೆ ಎಳೆಯುವವಳು ನಾನು" ಎಂದುಬಿಟ್ಟೆ. ಅವರು ಕೋಟು ತೊಟ್ಟು ಹೊರಟುಬಿಟ್ಟರು. ಮುಂದಿನ ವಾರ ಆ ವಿಷಯದ ಹಳೆಯ ಪ್ರಶ್ನೆಪತ್ರಿಕೆಗಳೆಲ್ಲ ಪೋಸ್ಟಿನಲ್ಲಿ ಬಂದವು, ದಪ್ಪ ಲಕೋಟೆಯಲ್ಲಿ. ಮತ್ತೆ ಬರೆದೆ, ಪಾಸಾದೆ.

ಕೊನೆಯ ಪರೀಕ್ಷೆಯ ಬೆಳಿಗ್ಗೆ ಜ್ವರ ಬಂದಂತಾಗಿತ್ತು. ಸ್ಟ್ಯಾನ್ಮೋರಿಗೆ ಹೋಗಿ ಮೂಗು ಸವರುವ ತ್ರಾಣವಿರಲಿಲ್ಲ. ಬಾಗಿಲ ಗಂಟೆ ಸದ್ದಾಯಿತು. ಹೊರಗೆ ಭಾವನವರ ಕಾರು. ಮುಂದಿನ ಸೀಟಿನಲ್ಲಿ, ಸೀಟ್ ಬೆಲ್ಟ್ ಹಾಕಿಸಿಕೊಂಡು, ಪಾದದ ಮಣ್ಣು ಉದುರಿಸುತ್ತಾ ಕೂತಿದ್ದವನು ಗೊಂಬೆ!

"ನೀನು ಬರೋಲ್ಲ ಅಂತ ಅವನೇ ಬಂದ. ಬೇಗ ಸವರಮ್ಮ, ಟೈಮಾಯ್ತು."

ಸವರಿದೆ. ನಕ್ಕೆ. ನಗುನಗುತ್ತಲೇ ಬರೆದೆ.

ಪದವಿ ಪ್ರದಾನಕ್ಕೆ ಇಬ್ಬರನ್ನು ಕರೆದೊಯ್ಯಬಹುದಿತ್ತು: ಯಜಮಾನರು ಮತ್ತು ಭಾವ. ನನ್ನ ಹೆಸರು ಕೂಗಿದಾಗ ಚಪ್ಪಾಳೆ ತಟ್ಟುತ್ತಾ ಎದ್ದುನಿಂತವರು ಭಾವ ಒಬ್ಬರೇ. ಸಮಾರಂಭ ಮುಗಿದು ಹೊರಗೆ ಬಂದಾಗ, ಟೋಪಿಯ ಕುಚ್ಚನ್ನು ಬಲದಿಂದ ಎಡಕ್ಕೆ ಹಾಕಿಕೋ ಎಂದು ಒಂದೇ ಸಮನೆ ಪೀಡಿಸಿದರು. ಅಮೆರಿಕದಲ್ಲಿ ಹಾಗೆ ಮಾಡಿದರೇ ಪದವಿ ಪೂರ್ತಿಯಂತೆ!

"ಮೈಸೂರಲ್ಲಿ ನಿಮ್ಮದು ಹೇಗಿತ್ತು ಭಾವ?" ಎಂದು ಸುಮ್ಮನೆ ಕೇಳಿದೆ.

"ನಾನು ಹೋಗಿರಲಿಲ್ಲಮ್ಮ" ಎಂದರು. "ಆವತ್ತು ಅಪ್ಪ ಆಸ್ಪತ್ರೆಯಲ್ಲಿದ್ದರು. ಪಕ್ಕದಲ್ಲಿ ನಾನೊಬ್ಬನೇ. ಆಮೇಲೆ ಡಿಗ್ರಿ ಪೋಸ್ಟಲ್ಲಿ ಬಂತು. ಒಂದು ಲಕೋಟೆ, ಅಷ್ಟೆ."

ನನ್ನ ಯಜಮಾನರು ಮುಖ ಆಚೆ ತಿರುಗಿಸಿದರು. ಆಗ ಅವರಿನ್ನೂ ಸ್ಕೂಲಿನ ಹುಡುಗ.

ನಾನು ಟೋಪಿ ತೆಗೆದು ಭಾವನವರ ನರೆತ ತಲೆಯ ಮೇಲಿಟ್ಟೆ. ಸ್ವಲ್ಪ ಬಿಗಿಯಾಯಿತು. ಅವರು ಕೈ ಎತ್ತಿ, ಕುಚ್ಚನ್ನು ನಿಧಾನವಾಗಿ ಬಲದಿಂದ ಎಡಕ್ಕೆ ಸರಿಸಿ, ಕಂಚಿನ ವಿಗ್ರಹದಂತೆ ನೆಟ್ಟಗೆ ನಿಂತರು.

ನಾನು ಗೌನನ್ನು ಒತ್ತಟ್ಟಿಗೆ ಹಿಡಿದು ಬಗ್ಗಿದೆ. ಬೆಳಿಗ್ಗೆಯೇ ಪಾಲಿಷ್ ಹಾಕಿದ್ದ ಅವರ ಶೂಸಿನ ತುದಿಯನ್ನು ಮೆಲ್ಲಗೆ ಸವರಿದೆ.

ಭಾವ ಈ ಸಲ ಹಾರಲಿಲ್ಲ.